ಸಮುದ್ರದ ತೂಬು

ಮಾಘ ಮಾಸ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಎಳೀ ಜೋಳ ಸುಟ್ಟು ಸೀತನಿ ತಿನ್ನೋ ದಿನಗಳು ದಾಟಿ ಹೊಲದಾಗ ಜೋಳದ ತೆನಿ ಬಲಿಯಾಕತ್ತಿದ್ದವು. ಕೊಪ್ಪಳದ ನಮ್ಮ ಮನಿ ಪಡಸಾಲ್ಯಾಗ ಎಲ್ಲಾರೂ ಎಲಿ ಅಡಕಿ ಹಾಕ್ಕೊಂಡು ಕುಂತಿದ್ವಿ. ಯಲಬುರ್ಗಿಯಿಂದ ಬಂದಿದ್ದ ನಮ್ಮಣ್ಣನ ಅತ್ತಿ ಪಾರ್ವತೆಮ್ಮ ಸುಣ್ಣದ ಡಬ್ಬಿ ಮುಚ್ಚಿ ಅಂದಳು:

"ಅಳಿಯಂದ್ರ, ಇಪ್ಪತ್ತು ವರ್ಷ ಬರೇ ಕೇಳಿದ್ದಾತು. ಇನ್ನ ಸಮುದ್ರ ತೋರಸ್ರಿ."

ನಮ್ಮಣ್ಣ ಅಂದಪ್ಪ ಎಲಿ ಅಗಿಯೋದು ಅಲ್ಲಿಗೇ ನಿಂತಿತು. ಅದು ನನಗೊಬ್ಬನಿಗೇ ಕಂಡಿತು. ಯಾಕಂದ್ರ ಅಣ್ಣ ಸಮುದ್ರ ನೋಡೇ ಇಲ್ಲ ಅನ್ನೋದು ಆ ಮನಿಯೊಳಗ ನನಗೊಬ್ಬನಿಗೇ ಗೊತ್ತಿತ್ತು.

ಅದು ನಿಜಾಮ ಸರ್ಕಾರದ ಕಾಲ. ಎರಡನೇ ದೊಡ್ಡ ಯುದ್ಧ ಶುರುವಾಗೋದಕ್ಕ ಒಂದು ವರ್ಷ ಮೊದಲು. ಅದಕ್ಕೂ ಇಪ್ಪತ್ತು ವರ್ಷ ಹಿಂದ, ಅಣ್ಣ ಇನ್ನೂ ಮೀಸಿ ಚಿಗುರಿದ ಹುಡುಗ ಇದ್ದಾಗ, ಅಪ್ಪನ ಸಂಗಾಟ ಜಗಳಾಡಿ ಸಮುದ್ರ ನೋಡಿ ಬರ್ತೀನಂತ ರೈಲು ಹತ್ತಿದ್ದ. ಹುಬ್ಬಳ್ಳಿ ಟೇಶನ್ನಿನಾಗ ಇಳಿದ. ಮುಂದಿನ ಗಾಡಿ ಬರೂದ್ರೊಳಗ ಮಿರ್ಚಿ ಭಜಿ ತಿಂದು, ಮಂದಿ ಕುಂದ್ರೋ ಬಾಕಿನ ಮ್ಯಾಲೆ ಮಲಗಿದ. ಗಾಡಿ ಬಂದು ಹೋತು, ಎಚ್ಚರಾಗಲಿಲ್ಲ. ಮರುದಿನಾನೂ ಮಿರ್ಚಿ, ಮತ್ತ ನಿದ್ದಿ. ಮೂರನೇ ದಿನ ಕೊಪ್ಪಳಕ್ಕ ತಿರುಗಿ ಬಂದು, "ಸಮುದ್ರ ನೋಡಿದೆ" ಅಂದುಬಿಟ್ಟ. ಊರಾಗ ಯಾರೂ ನೋಡಿರಲಿಲ್ಲ. ಇಲ್ಲ ಅನ್ನವರು ಯಾರು?

ಮುಂದ ಯಲಬುರ್ಗಿಗೆ ಹೆಣ್ಣು ನೋಡಾಕ ಹೋದ್ವಿ. ಪಾರ್ವತೆಮ್ಮನ ತವರಿನವರು ಊರ ಕೆರಿಯ ತೂಬು ಕಾಯೋ ಮನಿತನದವರು. ಯಾವಾಗ ತೂಬು ಎತ್ತಬೇಕು, ಯಾವ ಹೊಲಕ್ಕ ಎಷ್ಟು ನೀರು ಬಿಡಬೇಕು, ಎಲ್ಲಾ ಅವರ ಕೈಯಾಗ. ಆಕಿಗೆ ನೀರಂದ್ರ ಕೆರಿ, ಕೆರಿ ಅಂದ್ರ ಏರಿ, ಏರಿ ಅಂದ್ರ ಅದಕ್ಕೊಂದು ತೂಬು. ಹುಡುಗ ಸಮುದ್ರ ನೋಡ್ಯಾನಂತ ಕೇಳಿದ್ದೇ ತಡ, ಆಕಿ ಮುಂದಕ್ಕ ಸರಿದು ಕುಂತು ಕೇಳಿದಳು:

"ಸಮುದ್ರದ ತೂಬು ಹೆಂಗೈತಪಾ?"

"ನಲವತ್ತು ಅದಾವ್ರಿ," ಅಂದ ಅಣ್ಣ. "ಹದಿನೈದು ಹರದಾರಿ ಏರಿ. ಅಷ್ಟುದ್ದ ನಡದು ಯಾರಿಗೆ ಆಗಬೇಕ್ರಿ? ಅದಕ್ಕ ತೂಬು ಎತ್ತೋ ನೀರಗಂಟಿ ಕುದರಿ ಮ್ಯಾಲೆ ಅಡ್ಡಾಡ್ತಾನ."

"ಉಪ್ಪು ನೀರು ಅಂತಾರ. ಅದನ್ನ ಯಾವ ಹೊಲಕ್ಕ ಬಿಡ್ತಾರ?"

"ಉಪ್ಪಿನ ಹೊಲಕ್ಕ."

ಪಾರ್ವತೆಮ್ಮ ಒಳಗ ಹೋಗಿ, ಹುಡುಗ ಲೋಕ ಕಂಡಾನ ಅಂತ ಹೇಳಿ ಮಗಳು ಕಳಕಮ್ಮನ್ನ ಕೊಡೋ ಮಾತು ಗಟ್ಟಿ ಮಾಡಿಬಿಟ್ಟಳು. ಆ ದಿನ ಅಲ್ಲೇ ಕಂಬಕ್ಕ ಆತುಕೊಂಡು ಕುಂತಾವ ಒಬ್ಬ ಇದ್ದ, ಕುಷ್ಟಗಿಯ ಪಂಪಣ್ಣ. ಪಾರ್ವತೆಮ್ಮನ ಅಣ್ಣನ ಮಗ. ಸೋದರಿಕಿ ಪ್ರಕಾರ ಕಳಕಮ್ಮ ಆತನಿಗೇ ಬರಬೇಕಿತ್ತು. ಎರಡು ಬಾವಿ, ಎಂಟು ಎತ್ತು ಇದ್ದವು. ಸಮುದ್ರ ಮಾತ್ರ ನೋಡಿರಲಿಲ್ಲ.

ಆ ಪಂಪಣ್ಣ ಈ ದಿನಾನೂ ನಮ್ಮ ಪಡಸಾಲ್ಯಾಗ ಕುಂತಿದ್ದ. ಅತ್ತಿಯನ್ನ ಗಾಡಿ ಕಟ್ಟಿ ಕರಕೊಂಡು ಬಂದಾವನೇ ಆತ.

"ನಾನೂ ಬರ್ತೀನಿ, ಅಂದಪ್ಪಣ್ಣ," ಅಂದ. "ಆ ಕುದರಿ ನೀರಗಂಟಿನ್ನ ನೋಡ್ಬೇಕಂತ ಇಪ್ಪತ್ತು ವರ್ಷದಿಂದ ನಿದ್ದಿ ಇಲ್ಲ ನನಗ."

"ತೂಬಿನ ತಾಯಿಗೆ ಉಡಿ ತುಂಬಸ್ತೀನಂತ ಹರಕಿ ಹೊತ್ತೀನಿ," ಅಂದಳು ಪಾರ್ವತೆಮ್ಮ. "ತೂಬು ಇತ್ತು, ಛಲೋ ಆತು. ಇರಲಿಲ್ಲ, ಮಗಳನ್ನ ನನ್ನ ಸಂಗಾಟ ಕರಕೊಂಡು ಹೋಗ್ತೀನಿ. ನೀವು ತೂಬು ಹುಡುಕಿ, ಆಮ್ಯಾಲೆ ಬಂದು ಕರಕೊಂಡು ಹೋಗ್ರಿ."

ಅಣ್ಣ ನನ್ನ ತೋಳು ಹಿಡಿದು ದನದ ಕೊಟ್ಟಿಗಿಗೆ ಎಳಕೊಂಡು ಹೋದ.

"ಗವಿಸಿದ್ದಾ, ಸಮುದ್ರಕ್ಕ ತೂಬು ಇರತೈತೇನೋ?"

"ನಾ ಏನ ಬಲ್ಲೆ? ನೋಡಿ ಬಂದಾವ ನೀನು."

"ಚಾಷ್ಟಿ ಮಾಡಬ್ಯಾಡಲೇ. ನಿಮ್ಮತ್ತಿಗಿ ಹೋದ್ರ ಒಂದು ಲೋಟ ನೀರು ಎಲ್ಲೈತಿ ಅಂತನೂ ಗೊತ್ತಿಲ್ಲ ನನಗ." ಅಣ್ಣನ ಕಣ್ಣಾಗ ಖರೇನ ನೀರು ಬಂದಿತ್ತು.

ಒಳಗ ನೋಡಿದ್ರ ಅತ್ತಿಗಿ ಕಳಕಮ್ಮ ಆಗಲೇ ಗಂಟು ಕಟ್ಟಾಕತ್ತಿದ್ದಳು. ಒಂದರ ಮ್ಯಾಲೊಂದು ಆರು ಸೀರಿ ಇಟ್ಟಳು.

"ಮೂರು ದಿನಕ್ಕ ಆರು ಸೀರಿ ಯಾಕ ಅತ್ತಿಗಿ?" ಅಂದೆ.

"ನೀರಿನ ಊರು ನೋಡಪಾ, ಒದ್ದಿ ಆಗ್ತಾವ," ಅಂದಳು.

ಶುಕ್ರವಾರ ರೈಲು ಹತ್ತಿದ್ವಿ. ಖಡಕ್ ರೊಟ್ಟಿ ಒಂದು ಬುಟ್ಟಿ, ಶೇಂಗಾ ಚಟ್ನಿ ಒಂದು ಗಡಿಗಿ, ಉಡಿ ಸಾಮಾನಿನ ಗಂಟು ಬ್ಯಾರೆ. ಹುಬ್ಬಳ್ಳಿ ಟೇಶನ್ನಿನಾಗ ಅಣ್ಣ ಆ ಹಳೇ ಬಾಕನ್ನ ಕಂಡು ಮುಖ ತಿರುಗಿಸಿದ. ಶನಿವಾರ ಮುಂಜಾನೆ ಗೋವಾದ ಗಡಿಯೊಳಗ ಫರಂಗಿ ಸಿಪಾಯಿ ಒಬ್ಬ ಬುಟ್ಟಿ ತೆಗಿಸಿದ. ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಡಿದ. ಟಣ್ ಅಂತು. ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಏನೋ ಕೇಳಿದ. ನಮಗ ತಿಳೀಲಿಲ್ಲ. ಪಂಪಣ್ಣ ಕಸಕೊಂಡು ಮುರಿದು ತಿಂದು ತೋರಿಸಿದ. ಸಿಪಾಯಿನೂ ಒಂದು ತುಂಡು ಚಟ್ನಿ ಹಚ್ಚಿ ತಿಂದ. ಆಮ್ಯಾಲೆ ನಮ್ಮ ಗಂಟು ಬಿಚ್ಚಲಿಲ್ಲ. ಎರಡು ರೊಟ್ಟಿ ಮಾತ್ರ ಇಟ್ಟುಕೊಂಡ.

ಮರ್ಮಗೋವಾದಾಗ ಇಳಿದು, ನಮ್ಮ ಐದು ಮಂದಿಗಂತನ ಒಂದು ಮೋಟಾರು ಮೂರು ದಿನಕ್ಕ ಗೊತ್ತು ಮಾಡಿದ್ವಿ. ಆ ನೆಲ ಹೆಂಗೈತಿ ಅಂದ್ರ, ಎತ್ತು ನೀರು ಕುಡಿಯಾಕ ನಾಲಗಿ ಚಾಚಿದಂಗ ಸಮುದ್ರದೊಳಗ ಚಾಚೇತಿ. ಎಡಕ್ಕ ನೀರು, ಬಲಕ್ಕ ನೀರು, ಮುಂದ ನೀರು. ಕೆಂಪು ಮಣ್ಣು, ತೆಂಗಿನ ಗಿಡ, ದಿನ್ನಿ ಮ್ಯಾಲೆ ಸುಣ್ಣ ಬಳಿದ ಕಿರಿಸ್ತಾನರ ಇಗರ್ಜಿ. ಮೊದಲ ಸಲ ಆ ನೀರು ಕಂಡಾಗ ನಾವೆಲ್ಲಾ ಬಾಯಿ ತೆರೆದು ನಿಂತ್ವಿ. ನಮ್ಮೆಲ್ಲರಿಗಿಂತ ಅಗಲ ಬಾಯಿ ತೆರೆದಾವ ಅಣ್ಣ. ನಾ ಮೊಣಕೈಯಿಂದ ತಿವಿದ ಮ್ಯಾಲೆ ಮುಚ್ಚಿದ.

ಪಾರ್ವತೆಮ್ಮ ಒಂದು ಗಳಿಗಿ ನೋಡಿ, ನೀರಿಗೆ ಬೆನ್ನು ಮಾಡಿ ನೆಲ ನೋಡಾಕತ್ತಿದಳು.

"ನೀರು ಐತಿ. ಏರಿ ಎಲ್ಲೈತ್ರಿ ಅಳಿಯಂದ್ರ?"

"ಮುಂದೈತ್ರಿ," ಅಂದ ಅಣ್ಣ.

ಆ ಮೂರು ದಿನ ಆತ ಇದೊಂದೇ ಮಾತು ಆಡಿದ. ಮೋಟಾರಿನವ ಪಾಪ, ಛಲೋ ಛಲೋ ಜಾಗಾ ಕಂಡಲ್ಲೆಲ್ಲಾ ನಿಂದರಿಸಿ, ಕೈ ಬೀಸಿ ಬೀಸಿ ತೋರಿಸುತ್ತಿದ್ದ. ಪಾರ್ವತೆಮ್ಮ ಇಳಿದು, ಕಾಲುವಿ ಹುಡುಕಿ, ಕಾಣದೆ ಹತ್ತಿ ಕೂಡುತ್ತಿದ್ದಳು. "ಮುಂದೈತ್ರಿ." ಮೋಟಾರು ಮುಂದಕ್ಕ.

ಶನಿವಾರ ಇಳಿಹೊತ್ತಿಗೆ ಒಂದು ತಿರುವು ದಾಟಿದ್ವಿ ನೋಡ್ರಿ, ಅಲ್ಲಿ ಸಣ್ಣ ಸಣ್ಣ ಮಡಿ. ಮಡಿಗೆ ಬದು, ಬದುವಿನೊಳಗ ನೀರು, ದಂಡಿಗೆ ಬೆಳ್ಳಗ ಉಪ್ಪಿನ ಗುಡ್ಡಿ. ಹೆಂಗಸರು ಉಪ್ಪು ಬಳಿದು ಒಟ್ಟಾಕತ್ತಿದ್ದರು.

"ಉಪ್ಪಿನ ಹೊಲ!" ಅಂತ ಚೀರಿದಾವ ಯಾರು ಅಂದ್ರ ಅಣ್ಣನೇ. ಚೀರಿ, ತಾನೇ ಗಾಬರಿಯಾಗಿ ನನ್ನ ತೊಡಿ ಚಿವುಟಿದ.

ಪಂಪಣ್ಣನ ಮುಖ ಸುಟ್ಟ ಬದನಿಕಾಯಿ ಆತು. ಪಾರ್ವತೆಮ್ಮ ಒಂದೀಟು ಉಪ್ಪು ಬಾಯಿಗೆ ಹಾಕ್ಕೊಂಡು, "ಬೆಳಿ ಛಲೋ ಬಂದೈತಿ," ಅಂದಳು.

ಐತವಾರ ಬಂದರದ ಕಡೆ ಹೋದ್ವಿ. ಅಲ್ಲಿ ಅಲಿ ತಡಿಯಾಕಂತ ಕರಿ ಕಲ್ಲಿನ ದೊಡ್ಡ ಗೋಡಿ ಸಮುದ್ರದೊಳಗ ಕಟ್ಟ್ಯಾರ.

"ಏರಿ!" ಅಂದ ಅಣ್ಣ. ಈ ಸಲ ಧ್ವನಿ ಗಟ್ಟಿ ಇತ್ತು.

"ಎಂಥಾ ಏರಿ ಅಂದಪ್ಪಣ್ಣ?" ಅಂದ ಪಂಪಣ್ಣ. "ಅತ್ತಾಗೂ ನೀರು, ಇತ್ತಾಗೂ ನೀರು. ಎರಡೂ ಕಡಿ ನೀರಿಟ್ಟು ಏರಿ ಕಟ್ಟಿದ ಜಾಣ ಯಾರಪಾ?"

"ನೀರು ಹೆಚ್ಚಾಗೈತಿ ಇವರಿಗೆ. ನಿನಗ್ಯಾಕ ಹೊಟ್ಟಿಉರಿ?"

ಪಾರ್ವತೆಮ್ಮ ಸೀರಿ ಎತ್ತಿ ಕಟ್ಟಿ ಆ ಗೋಡಿಯ ಕೊನಿತನಕ ನಡದಳು, ಬಗ್ಗಿ ಬಗ್ಗಿ ನೋಡಿಕೋತ ತಿರುಗಿ ಬಂದಳು. ತೂಬು ಇರಲಿಲ್ಲ.

"ಕಲ್ಲು ಛಲೋ ಕೂಡಿಸ್ಯಾರ. ತೂಬು?"

"ಮುಂದೈತ್ರಿ."

ಅತ್ತಿಗಿ ಮಾತ್ರ ಏನೂ ಹುಡುಕಲಿಲ್ಲ. ಎಲ್ಲಿ ನಿಂತ್ರೂ ಕಲ್ಲಿನ ಮ್ಯಾಲೆ ಕಾಲು ಚಾಚಿ ಕುಂತು, "ಆಹಾ, ಯಾರಿಗೂ ರೊಟ್ಟಿ ಬಡಿಯೋದಿಲ್ಲ," ಅನ್ನುತ್ತಿದ್ದಳು.

ಸೋಮವಾರ ಭಾರತ ಹುಣ್ಣಿವಿ. ಹೊತ್ತು ನೆತ್ತಿಗೆ ಬರೂದಕ್ಕ ಆ ನೆಲದ ತುದಿ ಮುಟ್ಟಿದ್ವಿ. ದಾರಿ ಮುಗೀತು. ಮೋಟಾರಿನವ ಯಂತ್ರ ಬಂದ್ ಮಾಡಿ, ಎರಡೂ ಕೈ ಚೆಲ್ಲಿ ನೀರು ತೋರಿಸಿದ. ಮುಂದ ಇನ್ನೇನೂ ಇಲ್ಲ ಅನ್ನೋದು ಯಾವ ಭಾಷಿಯಾಗ ಹೇಳಿದರೂ ತಿಳೀತೈತಿ.

ಪಂಪಣ್ಣ ಇಳಿದು, ರುಮಾಲು ಹಾಸಿ, ಅದರ ಮ್ಯಾಲೆ ಜಮಾಯಿಸಿ ಕುಂತ.

"ಈಗ ಅನ್ನು ಅಂದಪ್ಪಣ್ಣ. ಮುಂದೈತಿ ಅನ್ನು."

ಅಣ್ಣ ನನ್ನ ಹತ್ತಿರ ಸರಿದ. ನನ್ನ ಕಿವಿಯಾಗ, "ಕೊಪ್ಪಳ ಯಾ ದಿಕ್ಕಿಗೆ ಬರತೈತೋ?" ಅಂದ. ನಾ ತೋರಿಸಿದೆ. ಆ ಕಡೆ ಮುಖ ಮಾಡಿ ನಮ್ಮೂರ ಗವಿಮಠದ ಅಜ್ಜಗ ಕೈ ಮುಗಿದು ನಿಂತ.

ಪಾರ್ವತೆಮ್ಮ ಅವಸರ ಮಾಡಲಿಲ್ಲ. ಒಂದು ಕಟಗಿ ಮುರಿದು ತಂದು, ನೀರು ಮುಟ್ಟೋ ಗೆರಿಯೊಳಗ ಉಸುಕಿಗೆ ಚುಚ್ಚಿದಳು. ನಮ್ಮ ಕೆರಿಯೊಳಗ ನೀರು ಏರೈತೋ ಇಳದೈತೋ ನೋಡಾಕ ಹಂಗ ಚುಚ್ಚತಾರ. ಆಮ್ಯಾಲೆ ರೊಟ್ಟಿ ಬುಟ್ಟಿ ಬಿಚ್ಚಿದ್ವಿ. ಉಂಡ್ವಿ. ಗಂಡಸರು ತೆಂಗಿನ ನೆರಳಾಗ ಸ್ವಲ್ಪ ಅಡ್ಡಾದ್ವಿ. ಆಕಿ ಕಟಗಿ ಮುಂದ ಕುಂತಾಕಿ ಏಳಲಿಲ್ಲ.

ಇಳಿಹೊತ್ತಿಗೆ ಆಕಿ ಕೂಗಿದ್ದು ಕೇಳಿ ಎಲ್ಲಾರೂ ಎದ್ದು ಓಡಿದ್ವಿ. ನೀರು ಕಟಗಿ ಬಿಟ್ಟು ಮೂವತ್ತು ನಲವತ್ತು ಮಾರು ಹಿಂದಕ್ಕ ಸರದಿತ್ತು! ಮಧ್ಯಾಹ್ನ ನೀರಿದ್ದಲ್ಲಿ ಏಡಿ ಅಡ್ಡಾಡಾಕತ್ತಿದ್ದವು. ನಮಗ ಭರತಿ ಇಳತ ಅಂದ್ರ ಏನು ಗೊತ್ತು? ನಮ್ಮ ಕೆರಿ ತಾನಾಗೇ ಎಂದರ ಇಳಿದಾವ?

"ತೂಬು ತೆಗದಾರ!" ಅಂದಳು ಪಾರ್ವತೆಮ್ಮ. "ಇಷ್ಟು ನೀರು ಅರ್ಧ ದಿನದಾಗ ಇಳೀಬೇಕಂದ್ರ ಒಂದೆರಡು ತೂಬಲ್ಲ. ನಲವತ್ತೂ ಎತ್ಯಾರ!"

"ಅತ್ತಿ, ತೂಬು ಎಲ್ಲಿ ಕಾಣ್ತು ನಿನಗ?" ಅಂದ ಪಂಪಣ್ಣ.

"ಊರ ಕೆರಿ ತೂಬು ಏರಿ ಮ್ಯಾಲಿಂದ ಕಾಣತೈತೇನೋ, ಪೆದ್ದ? ನೀರು ಇಳಿಯೋದು ಕಾಣಬೇಕು."

ಅದ ಹೊತ್ತಿಗೆ ಸರಿಯಾಗಿ, ದೇವರಾಣಿ, ನೀರು ಸರಿದ ಹಸಿ ಉಸುಕಿನ ಮ್ಯಾಲೆ ಒಬ್ಬ ಕುದರಿ ಹತ್ತಿಕೊಂಡು ಬಂದ. ಬಿಳಿ ಅಂಗಿ, ಹಿತ್ತಾಳಿ ಗುಂಡಿ, ತಲಿ ಮ್ಯಾಲೆ ಟೊಪ್ಪಿಗಿ. ಯಾವುದೋ ಫರಂಗಿ ಸಾಹೇಬ ಗಾಳಿ ತಗೊಳ್ಳಾಕ ಬಂದಿದ್ದಿರಬೇಕು.

"ನೀರಗಂಟಿ," ಅಂದ ಪಂಪಣ್ಣ. ಆತನ ಧ್ವನಿ ನೆಲ ಕಚ್ಚಿತ್ತು.

ಪಾರ್ವತೆಮ್ಮ ಕುಬಸದ ಖಣ, ಬಳಿ, ಅರಿಷಿಣ ಕುಂಕುಮ ನೀರಿಗೆ ಬಿಟ್ಟು ಉಡಿ ತುಂಬಿದಳು. ತೆಂಗಿನಕಾಯಿ, ಎರಡು ಎಲಿ, ಅಡಕಿ ಮಾತ್ರ ಉಳಿಸಿಕೊಂಡು, ಕುದರಿಗೆ ಅಡ್ಡ ನಿಂತು, ಸಾಹೇಬನ ಕೈಯಾಗ ಇಟ್ಟಳು. "ಕೆಳಗಿನ ಹೊಲದವರಿಗೂ ಸರಿಯಾಗಿ ಬಿಡಪಾ ನೀರು," ಅಂದಳು. ಸಾಹೇಬ ಟೊಪ್ಪಿಗಿ ತೆಗೆದು ತಲಿ ಬಾಗಿಸಿ, ಕಾಯಿ ಬಗಲಾಗ ಇಟ್ಟುಕೊಂಡು ಹೋದ.

ಅಷ್ಟಕ್ಕ ಸುಮ್ಮನಿದ್ದಿದ್ರ ಮುಗಿದಿತ್ತು. ಅಣ್ಣಗ ಸುಮ್ಮನಿರೋದು ಯಾವಾಗ ಬಂದೈತಿ? ಧೋತರ ಎತ್ತಿ ಕಟ್ಟಿ ಉಸುಕಿನಾಗ ಕುಣಿದ.

"ನೋಡಿದೇನಲೇ ಪಂಪಣ್ಣಾ! ಹೊಲ ಖರೇ! ಏರಿ ಖರೇ! ತೂಬು, ಕುದರಿ, ನೀರಗಂಟಿ ಎಲ್ಲಾ ಖರೇ! ಹುಬ್ಬಳ್ಳಿ ಟೇಶನ್ನಿನಾಗ ಬಾಕಿನ ಮ್ಯಾಲೆ ಮಲಗಿಕೊಂಡು ಕಟ್ಟಿದ ಮಾತಿನಾಗ ಒಂದರ ಸುಳ್ಳಾತೇನಲೇ?"

"ಎಲ್ಲಿ ಮಲಗಿಕೊಂಡು?" ಅಂದ ಪಂಪಣ್ಣ, ಮೆಲ್ಲಕ.

ಅಣ್ಣ ಎತ್ತಿದ ಕಾಲು ಇಳಿಸಲಿಲ್ಲ. ಕೊಕ್ಕರಿ ಹಂಗ ಒಂದ ಕಾಲಿನ ಮ್ಯಾಲೆ ನಿಂತ.

ಪಾರ್ವತೆಮ್ಮ ಉಸುಕಿನಿಂದ ಕಟಗಿ ಕಿತ್ತಳು. "ಸಮುದ್ರದ ಮಾತು ಖರೇ. ನೋಡೀನಿ ಅಂದದ್ದು ಸುಳ್ಳು. ನಾ ಮಗಳನ್ನ ಕೊಟ್ಟದ್ದು ಸಮುದ್ರಕ್ಕಲ್ಲ, ನೋಡಿದವಗ."

"ಈಗ ನೋಡಿದೆನಲ್ರೀ ಅತ್ತಿ!"

"ಈಗ ಪಂಪಣ್ಣನೂ ನೋಡ್ಯಾನ."

ಮಂಗಳವಾರ ರೈಲು ಹತ್ತಿದ್ವಿ. ಬುಧವಾರ ಕೊಪ್ಪಳ ಮುಟ್ಟೋತನಕ ಅಣ್ಣ ಕಿಡಕಿ ಹೊರಗೇ ನೋಡಿದ. ನಡುವ ಒಂದು ಸಲ ಅತ್ತಿಗಿ ನನ್ನ ಹತ್ತಿರ ಸರಿದು ಪಿಸುಗುಟ್ಟಿದಳು:

"ಗವಿಸಿದ್ದಪ್ಪಾ, ನಿಮ್ಮಣ್ಣ ನಿದ್ದಿಗಣ್ಣಾಗ 'ಇನ್ನೆರಡು ಮಿರ್ಚಿ ಕೊಡು, ಹುಬ್ಬಳ್ಳಿ ಗಾಡಿ ಬಂತು' ಅಂತ ಬಡಬಡಿಸೋದನ್ನ ನಾ ಮದಿವಿ ಆದ ವರ್ಷದಿಂದ ಕೇಳೀನಿ. ನನಗ ಗೊತ್ತಿಲ್ಲೇನು?"

"ಮತ್ತ ನೀ ಹೋಗೋದ್ಯಾಕ ಅತ್ತಿಗಿ?"

"ಇಪ್ಪತ್ತು ವರ್ಷದಾಗ ತವರಾಗ ಎಂಟು ದಿನ ಇದ್ದಾಕಿ ಅಲ್ಲ ನಾನು. ಯುಗಾದಿಗೆ ಬರ್ತೀನಿ. ಅವರಿಗೆ ಹೇಳಬ್ಯಾಡ, ಒಂದೀಟು ರೊಟ್ಟಿ ಬಡಿಯೋದು ಕಲೀಲಿ."

ಗಂಟಿನೊಳಗಿನ ಆರು ಸೀರಿಯಾಗ ನಾಲ್ಕರ ಮಡಿಕೆ ಸಹಿತ ಬಿಚ್ಚಿರಲಿಲ್ಲ.

ಮರುದಿನ ಹೊತ್ತು ಮೂಡೂದಕ್ಕ ಪಂಪಣ್ಣ ಗಾಡಿ ಹೂಡಿದ. ಅಣ್ಣ ಹಿಟ್ಟು ಮೆತ್ತಿದ ಕೈಯಾಗೇ ಬಾಗಿಲಿಗೆ ಬಂದು ನಿಂತ. ಪಾರ್ವತೆಮ್ಮ ಆ ಕಟಗಿ ಹಿಡಕೊಂಡು ಹತ್ತಿದಳು, ಅತ್ತಿಗಿ ಗಂಟು ಹಿಡಕೊಂಡು ಹತ್ತಿದಳು. ದಾರಿಯುದ್ದಕ್ಕೂ ಸಮುದ್ರದ ಸುದ್ದಿ ಹೇಳಾಕ ಪಂಪಣ್ಣ ಆಗಲೇ ಗಂಟಲು ಸರಿ ಮಾಡಿಕೊಳ್ಳಾಕತ್ತಿದ್ದ. ಮೂವರೂ ಯಲಬುರ್ಗಿ ದಾರಿ ಹಿಡಿದರು. ಆವತ್ತು ಗುರುವಾರ.