ಮೂರನೆಯ ಸಾಲು

ಚೆನ್ನಯ ಪದ್ಯ ಎತ್ತಿದರೆಂದರೆ ಸಭೆ ಕೈಮುಗಿಯುತ್ತಿತ್ತು. ಆ ಕಂಠದ ಬಲ ಎಂಥದ್ದೆಂದು ಸೇವಂತಿಗೆ ಲಂಗ ಉಡುವ ವಯಸ್ಸಿನಲ್ಲೇ ತಿಳಿದುಹೋಗಿತ್ತು.

ಅಂದು ಜೋಗೇಶ್ವರಿಯ ಹಾಲ್ ಒಂದರಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುವುದು, ಎದುರುಬದುರು ಕೂತವರು ಅದರ ಅರ್ಥ ಹೇಳುತ್ತ ವಾದಕ್ಕಿಳಿಯುವುದು. ಅಣ್ಣನ ಪಾತ್ರ ಹೋಟೆಲ್ ಧಣಿ ಚೆನ್ನಯರದು, ತಮ್ಮನ ಪಾತ್ರ ಸೇವಂತಿಯ ಅಪ್ಪ ದೂಜನದು. ಅಪ್ಪನ ಮಾತು ಏರುತ್ತ ಹೋಗಿ ಸಭೆ ತಲೆದೂಗುತ್ತಿದ್ದಾಗ ಚೆನ್ನಯ ಭಾಗವತರ ಮುಖವನ್ನೂ ನೋಡದೆ ತಾವೇ ರಾಗ ಎತ್ತಿದರು:

ಹಿರಿಯ ನುಡಿದೊಡೆ ನುಡಿಯೆ ಸಾಕ್ಷಿಯು
ಕಿರಿಯ ಕೇಳ್ವುದು ಕುಲಕೆ ಹಾನಿಯು

“ಕವಿವಾಣಿಯೇ ಹೀಗುಂಟು. ಪದ್ಯ ಗೊತ್ತಿಲ್ಲದೆ ಅರ್ಥ ಹೇಳಲಿಕ್ಕೆ ಬಂದದ್ದಾ ದೂಜ?”

ಪಾತ್ರದ ಹೆಸರು ಬಿಟ್ಟು ಮನುಷ್ಯನ ಹೆಸರು ಹಿಡಿದು ಕೇಳಿದ ಮಾತು. ಅಪ್ಪ ಬಾಯಿ ತೆರೆದು, ಮುಚ್ಚಿದ. ಸಭೆ ಗೊಳ್ಳೆಂದಿತು. ಎಲ್ಲರ ಜೊತೆ ಸೇವಂತಿಯೂ ಆ ಎರಡು ಸಾಲಿಗೆ ಕೈಮುಗಿದು ಕೂತಿದ್ದಳು. ಅಪ್ಪ ಆಮೇಲೆ ಯಾವ ಕೂಟದಲ್ಲೂ ಕೂರಲಿಲ್ಲ. ಊರಿನವರು ಸಿಕ್ಕಲ್ಲೆಲ್ಲ ‘ಪದ್ಯ ಗೊತ್ತಿಲ್ಲದ ದೂಜ’ ಎಂದು ಕರೆದು ನಗುತ್ತಿದ್ದರು.

ಬೆಳೆದ ಮೇಲೆ ಅವಳು ಕಂಡ ಕಂಡ ಭಾಗವತರನ್ನೆಲ್ಲ ಆ ಪದ್ಯದ ಬಗ್ಗೆ ಕೇಳಿದಳು. ಯಾರೂ ಅರಿಯರು. ಪದ್ಯವೆಂದರೆ ಅವಳಿಗೆ ದೇವರ ಮುಂದಿನ ದೀಪದ ಹಾಗೆ. ಅಪ್ಪನ ಅವಮಾನವನ್ನಾದರೂ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು; ಸುಳ್ಳು ಪದ್ಯಕ್ಕೆ ಚೆನ್ನಯ ತನ್ನ ಕೈ ಮುಗಿಸಿದ್ದನ್ನು ನುಂಗಲಾಗಲಿಲ್ಲ. ಸಯನ್‌ನ ಕನ್ನಡ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ, ಆಡಳಿತ ಮಂಡಳಿಯ ಅಧ್ಯಕ್ಷರು ಚೆನ್ನಯರೇ ಎಂದು ತಿಳಿದ ಸಂಜೆ ದೇವರ ಮುಂದೆ ನಿಂತು “ಕೊಟ್ಟೆಯಲ್ಲ, ಸ್ವಾಮಿ” ಎಂದಿದ್ದಳು.

ಆ ಶಾಲೆಯಲ್ಲೊಂದು ಪದ್ಧತಿ. ಪ್ರತಿವರ್ಷ ಗ್ಯಾದರಿಂಗ್ ಎಂಬ ವಾರ್ಷಿಕೋತ್ಸವದ ದಿನ ಹತ್ತನೆಯ ಕ್ಲಾಸಿನವರ ಎದುರು ಅಧ್ಯಕ್ಷರೇ ವಾದಕ್ಕೆ ಕೂರುವುದು. ಮಕ್ಕಳು ಕಂಠಪಾಠ ಒಪ್ಪಿಸುವುದು, ಚೆನ್ನಯ ಕೊನೆಗೆ ಅದೇ ಎರಡು ಸಾಲು ಹಾಡಿ ಗೆಲ್ಲುವುದು, ಚಪ್ಪಾಳೆ. ಸೇವಂತಿ ಹಿಂದಿನ ಸಾಲಿನಲ್ಲಿ ಕೂತು ಕಾದಳು. ಹತ್ತನೆಯ ಕ್ಲಾಸು ಅವಳ ಕೈಗೆ ಬಂದ ವರ್ಷ ಕಂಠಪಾಠ ನಿಲ್ಲಿಸಿಬಿಟ್ಟಳು.

“ಒಂದು ಮಾತು ಹೇಳಿ. ಯಾಕೆ ಎಂದು ಹೇಳಿ. ಅದಕ್ಕೆ ಆಧಾರ ಏನೆಂದು ಬರೆಯಿರಿ.”

ಸುಭಾಷ ಎದ್ದು ಓದಿದ. “ನಮ್ಮ ಬಿಲ್ಡಿಂಗಿನ ವಾಚಮನ್ ಕಳ್ಳ. ಯಾಕಂದ್ರ ಎಲ್ಲಾರೂ ಹಂಗ ಅಂತಾರ.”

“ಎಲ್ಲರೂ ಎಂದರೆ?”

“ನಮ್ಮವ್ವ ರೀ.”

“ಅಮ್ಮ ಕಣ್ಣಾರೆ ನೋಡಿದರಾ?”

“ಇಲ್ರೀ, ಅಕೀಗೆ ಸೋಮವ್ವ ಕಾಕು ಹೇಳ್ಯಾಳ.”

“ಸೋಮವ್ವ ಕಾಕುಗ ಕನಸು ಬಿದ್ದಿತ್ತು ರೀ,” ಎಂದಳು ಹಿಂದಿನ ಬೆಂಚಿನ ಮಹಾದೇವಿ. ಕ್ಲಾಸು ನಕ್ಕಿತು. ಈ ಮಹಾದೇವಿ ಕಲಬುರ್ಗಿ ಕಡೆಯಿಂದ ಬಂದು ಗೋಡೆ ಕಟ್ಟುವ ಗೌಂಡಿ ಭೀಮರಾಯನ ಮಗಳು. ಯಾರಿಗೂ ಹೆದರದವಳು, ಆದರೆ ‘ರೀ’ ಹಚ್ಚದೆ ಒಂದು ಮಾತನ್ನೂ ಆಡದವಳು. ಸೇವಂತಿಯ ಕಣ್ಣು ಅಂದೇ ಅವಳ ಮೇಲೆ ನಿಂತಿತು.

ತಿಂಗಳುಗಟ್ಟಲೆ ಅದೇ ಪಾಠ. ಹೇಳಿದವನು ಯಾರು, ಅವನಿಗೆ ಹೇಗೆ ಗೊತ್ತು, ಬೇರೆ ಯಾರಾದರೂ ಕಂಡಿದ್ದಾರಾ. ಆಮೇಲೆ ಪದ್ಯದ ಸರದಿ ಬಂತು. ಷಟ್ಪದಿಗೆ ಆರು ಸಾಲು, ಮೂರನೆಯದೂ ಆರನೆಯದೂ ಉದ್ದ ಎಂದು ಡೆಸ್ಕಿನ ಮೇಲೆ ತಾಳ ಹಾಕಿಸಿ ಕಲಿಸಿದಳು.

“ಪದ್ಯವನ್ನು ಚೂರು ಮಾಡಿ ತಂದವರನ್ನು ಹಿಂದುಮುಂದಿನ ಸಾಲು ಕೇಳಿ,” ಎಂದಳು.

“ಅಂಥಾ ಪದ್ಯಾನ ಇಲ್ಲ ಅಂತ ನಾವು ಹೆಂಗ ತೋರಸೋದ್ರಿ?” ಮಹಾದೇವಿ ಕೇಳಿದಳು.

“ನೀನು ಯಾಕೆ ತೋರಿಸಬೇಕು? ಇದೆ ಎಂದವರು ತೋರಿಸಲಿ.”

ಅದನ್ನು ಹೇಳುವಾಗ ಅವಳ ಕೈಯ ಸೀಮೆಸುಣ್ಣ ಮುರಿಯಿತು. ಮಕ್ಕಳು ಅದನ್ನು ಗಮನಿಸಲಿಲ್ಲ.

ಗ್ಯಾದರಿಂಗ್ ಮಧ್ಯಾಹ್ನ ಹಾಲ್ ತುಂಬಿತ್ತು. ಕರಾವಳಿಯ ಹಿರಿಯರೆಲ್ಲ ಮುಂದಿನ ಸಾಲಿನಲ್ಲಿ. ಅವರ ನಡುವೆ, ಅಂದು ಜೋಗೇಶ್ವರಿಯಲ್ಲಿ ಮದ್ದಳೆ ಬಾರಿಸಿದ್ದ ಮುದುಕರೂ ಇದ್ದರು. ಸೇವಂತಿ ತಾನೇ ಅವರ ಮನೆಗೆ ಹೋಗಿ ಕರೆದು ಬಂದಿದ್ದಳು. ವಿಷಯ: ಹಿರಿಯರ ಮಾತಿಗೆ ಕಾರಣ ಕೇಳಬಹುದೇ? ಕೇಳಲೇಬೇಕೆಂದು ಮಹಾದೇವಿ ವಾದಿಸಿದಳು. ಚೆನ್ನಯ ಶಾಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಎರಡು ಸಾಲು ಹಾಡಿದರು. ವಯಸ್ಸಾಗಿದ್ದರೂ ಕಂಠ ಹಾಗೇ ಇತ್ತು. ಮುಂದಿನ ಸಾಲಿನವರು ಕೈ ಜೋಡಿಸಿದರು.

“ಭಾಳ ಚಂದ ಹಾಡಿದ್ರಿ ಸರ್,” ಎಂದಳು ಮಹಾದೇವಿ. “ಮುಂದಿಂದೂ ಹಾಡ್ರೆಲಾ.”

“ಅಷ್ಟು ಸಾಕು ಮಗೂ. ಅರ್ಥ ಅದರಲ್ಲೇ ಉಂಟಲ್ಲ.”

“ಷಟ್ಪದಿ ಐತಲ್ರೀ ಸರ್, ಇನ್ನೂ ನಾಕು ಸಾಲು ಇರಬೇಕು. ಮೂರನೇದಷ್ಟರ ಕೇಳಿಸ್ರಿ, ನಾ ಸೋತೆ ಅಂತ ಕುಂಡರತೀನಿ.”

ಸಭೆಗೆ ಹುಡುಗಿಯ ಭಕ್ತಿ ಹಿಡಿಸಿತು. “ಹಾಡಿ ಅಣ್ಣ, ಹಾಡಿ,” ಎಂದರು ಯಾರೋ. ಮದ್ದಳೆಯ ಮುದುಕರ ಬೆರಳು ತೊಡೆಯ ಮೇಲೆ ತಾಳ ಹಿಡಿಯಿತು. ಚೆನ್ನಯ ಮತ್ತೆ ಮೊದಲಿನಿಂದ ಎತ್ತಿದರು. ಎರಡು ಸಾಲು ಮುಗಿಯಿತು. “ಅರಿತು...” ಎಂದರು. ರಾಗ ಎಳೆದರು. “ಅರಿತು ನಡೆವುದು...” ಎಂದು ಇನ್ನಷ್ಟು ಎಳೆದರು. ಜೀವಮಾನವಿಡೀ ಅರ್ಥ ಹೇಳಿದ ಬಾಯಿ ಅದು. ಪದ್ಯ ಕಟ್ಟಿ ಅಭ್ಯಾಸವಿರಲಿಲ್ಲ. ತೊಡೆಯ ಮೇಲಿನ ತಾಳ ಸ್ವಲ್ಪ ಹೊತ್ತು ಅವರಿಗಾಗಿ ಕಾದು, ನಿಂತುಹೋಯಿತು.

“ಯಾವ ಪ್ರಸಂಗದ್ದು ಇದು ಚೆನ್ನಯ?” ಮುದುಕರು ಕೂತಲ್ಲಿಂದಲೇ ಕೇಳಿದರು.

ಚೆನ್ನಯ ನಕ್ಕರು. “ನಾನೇ ಮಾಡಿದ್ದು, ಎಂತ ಈಗ? ಕೂಟ ಕಳೆಗಟ್ಟಲಿಕ್ಕೆ ಇದೆಲ್ಲ ಉಂಟಲ್ಲ ಮಾರಾಯ್ರೆ!”

ಇಬ್ಬರು ಮೂವರು ನಗಲು ಶುರುಮಾಡಿದರು. ಆ ನಗೆ ಹಬ್ಬಿದರೆ ಎಲ್ಲ ಕೈತಪ್ಪಿತೆಂದು ಸೇವಂತಿಗೆ ಗೊತ್ತಿತ್ತು. ಅವಳು ವೇದಿಕೆ ಹತ್ತಿ, ಮೈಕ್ ಕೈಗೆ ತೆಗೆದುಕೊಂಡು ಅವರ ಬಾಯಿಯ ಮುಂದೆ ಹಿಡಿದಳು.

“ಜೋಗೇಶ್ವರಿಯಲ್ಲಿ ಕವಿವಾಣಿ ಎಂದಿರಿ. ಈಗ ನಾನೇ ಮಾಡಿದ್ದು ಎನ್ನುತ್ತೀರಿ. ಇದೇ ಎರಡು ಸಾಲಿನಿಂದ ಅಂದು ಯಾರ ಬಾಯಿ ಮುಚ್ಚಿಸಿದಿರಿ? ಹೇಳಿ.”

“ನೀನು ಯಾರ ಮಗಳು?”

“ನಾನು ಕೇಳಿದ್ದಕ್ಕೆ ಉತ್ತರ ಬರಲಿ.”

ಫ್ಯಾನಿನ ಗಾಳಿಗೆ ಜಾರಿದ ಶಾಲನ್ನು ಚೆನ್ನಯ ಹೆಗಲಿಗೆ ಎಳೆದುಕೊಂಡರು.

“ದೂಜ,” ಎಂದರು ಚೆನ್ನಯ.

“ಪೂರ್ತಿ ವಾಕ್ಯ ಹೇಳಿ. ಮಕ್ಕಳಿಗೆ ಅರ್ಥವಾಗಬೇಕು.”

“ದೂಜನ ಹತ್ತಿರ ನಾನು ಹೇಳಿದ ಪದ್ಯ ಎಲ್ಲಿಯೂ ಇಲ್ಲ.”

ಅವರಿಗೆ ಯಾರೂ ಕೈಮುಗಿಯಲಿಲ್ಲ, ಯಾರೂ ನಗಲಿಲ್ಲ. ಮದ್ದಳೆಯ ಮುದುಕರು ಎದ್ದು ಹೊರಗೆ ನಡೆದರು, ಅವರ ಹಿಂದೆ ಇನ್ನೂ ಕೆಲವರು. ಸೇವಂತಿ ನಿಂತು ನೋಡಿದಳು. ಹಾಲ್ ಅರ್ಧ ಖಾಲಿಯಾಗುವವರೆಗೂ ಮೈಕ್ ಕೆಳಗಿಡಲಿಲ್ಲ.

ಗೇಟಿನ ಹತ್ತಿರ ಹೆಡ್‌ಮಿಸ್ಟ್ರೆಸ್ ನಿಶ್ಮಿತಾ ತಡೆದರು. “ಸೋಮವಾರ ಆಫೀಸಿಗೆ ಬನ್ನಿ. ಏನಾಗ್ತದೆ ಅಂತ ನಿಮಗೆ ಗೊತ್ತೇ ಇದೆ.” ಗೊತ್ತಿತ್ತು. ಅವರ ಬೆನ್ನ ಹಿಂದೆ ಮಹಾದೇವಿ ನಿಂತಿದ್ದಳು.

“ಟೀಚರ್, ಸರ್‌ಗ ಮುಂದಿನ ಸಾಲು ಬರೂದಿಲ್ಲ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ನಾ ಖರೇನ ಆ ಸಾಲು ಕೇಳಾಕ ಆಸೆಪಟ್ಟಿದ್ದೆ ರೀ,” ಎಂದು ಹುಡುಗಿ ಹೊರಟುಹೋದಳು. ಸೇವಂತಿಗೆ ಕರೆಯಬೇಕೆನಿಸಿತು, ಕರೆಯಲಿಲ್ಲ. ಆ ಸಂಜೆ ಅವಳೊಳಗೆ ಇನ್ನೊಬ್ಬರಿಗೆ ಜಾಗವಿರಲಿಲ್ಲ.

ದಾದರಿನಲ್ಲಿ ಗಾಡಿ ಬದಲಿಸಿ ಕಾಂದಿವಲಿ ತಲುಪಿದಾಗ ಅಪ್ಪ ಟಿವಿ ಮುಂದೆ ಕೂತಿದ್ದ. ಅವಳು ಚಪ್ಪಲಿ ಬಿಡುತ್ತಲೇ ಎಲ್ಲ ಹೇಳಿದಳು. ಅಪ್ಪ ಟಿವಿ ಆರಿಸಿದ.

“ಅದು ಪದ್ಯ ಅಲ್ಲ ಅಂತ ನನಗೆ ಆವತ್ತೇ ಗೊತ್ತುಂಟು ಮಗಾ.”

“ಗೊತ್ತಿತ್ತಾ? ಮತ್ತೆ ಯಾಕೆ ಸುಮ್ಮನಾದೆ?”

“ನಾನು ಅವನ ಹೋಟೆಲಿನ ಕ್ಯಾಶಿನಲ್ಲಿ ಕೂತವ. ಅವ ಕೊಟ್ಟ ಖೋಲಿಯಲ್ಲೇ ನೀವೆಲ್ಲ ಮಲಗುತ್ತಿದ್ದದ್ದು. ಕೇಳಿದ್ದರೆ ಮಾರನೇ ದಿನ ಎಲ್ಲಿಗೆ ಹೋಗುವುದು?”

ಹಾಗಾದರೆ ಮನ್ನಿಸಿದ್ದಾನೇನೋ ಎಂದು ಸೇವಂತಿ ಅಪ್ಪನ ಮುಖ ನೋಡಿದಳು. ಮುದುಕನ ಕಣ್ಣಲ್ಲಿ ಮನ್ನಿಸಿದ ಗುರುತೇ ಇರಲಿಲ್ಲ. ಅವನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

“ಅರಿತು ಅಂತ ಹೇಳಿ ನಿಂತನಾ?”

“ನಿಂತರು.”

“ಎಲ್ಲರೂ ನೋಡಿದರಾ?”

“ಎಲ್ಲರೂ.”

“ಬೆವರಿದನಾ ಅವ?”

ವೇದಿಕೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಅವಳು ಗೇಣಿನ ದೂರದಲ್ಲಿ ನಿಂತಿದ್ದಳು. ಚೆನ್ನಯರ ಹಣೆ ಒಣಗಿತ್ತು. ಅಪ್ಪ ಬಾಯಿ ಸ್ವಲ್ಪ ತೆರೆದು ಕಾಯುತ್ತಿದ್ದ.

“ಬೆವರಿದರು ಅಪ್ಪ,” ಎಂದಳು ಸೇವಂತಿ. “ಶಾಲಿನಿಂದ ಒರೆಸಿ ಒರೆಸಿ ಸಾಕಾಯಿತು ಅವರಿಗೆ.”

“ಹಾಂ,” ಎಂದ ದೂಜ. “ಅವ ಹಾಡಲಿಕ್ಕೆ ಶುರುಮಾಡಿದಲ್ಲಿಂದ ಇನ್ನೊಮ್ಮೆ ಹೇಳು.”