ಒಣ ಕುಡಿಕೆ

ನಮ್ಮ ಶಾಲೆಯ ಅಡುಗೆಯ ಬಾಲಮ್ಮನಿಗೆ ಖಾಲಿ ತಟ್ಟೆ ಕಂಡರೆ ಆಗುವುದಿಲ್ಲ. ಬಿಸಿಯೂಟದ ಹೊತ್ತಿನಲ್ಲಿ ಹುಡುಗರು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು "ಸಾಕು ಆಯಿ, ಸಾಕು" ಎಂದರೂ ಇನ್ನೊಂದು ಸೌಟು ಸಾರು ಬಿದ್ದೇ ಬೀಳುತ್ತದೆ. ಅಂಥವಳಿಗೆ ಮೂರು ಕುಡಿಕೆ ಒಪ್ಪಿಸಿ, ಎರಡಕ್ಕೆ ಮಾತ್ರ ನೀರು ಹಾಕು, ಮೂರನೆಯದಕ್ಕೆ ಹಾಕಬೇಡ ಎಂದು ಹೇಳಿ ದೀಪಾವಳಿ ರಜೆಗೆ ಹೊರಟ ನನ್ನ ಜಾಣತನಕ್ಕೆ ಏನನ್ನಬೇಕೋ ನೀವೇ ಹೇಳಿ.

ಶಾಲೆ ಇರುವುದು ಭೀಮರಾಯನಗುಡಿಯ ಆಚೆ, ಕಾಲುವೆಯ ಮಗ್ಗುಲಲ್ಲಿ. ನಾನು ದಿನಾ ಶಹಾಪುರದಿಂದ ಟಂಟಂ ಆಟೋ ಹಿಡಿದು ಬರುತ್ತೇನೆ. ಹೆಸರು ಮಲ್ಲೇಶ್ವರಿ, ಕಲಿಸುವುದು ಮೂರನೆಯ ತರಗತಿಗೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಮಕ್ಕಳೂ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ.

ಅಡುಗೆ ಕೋಣೆಯ ಪಕ್ಕದಲ್ಲಿ ಮುರಿದ ಬೆಂಚು ತುಂಬಿದ್ದ ಒಂದು ಕೋಣೆಯಿತ್ತು. ಅದನ್ನು ಖಾಲಿ ಮಾಡಿಸಿ, ಮಕ್ಕಳ ಕೈಯಿಂದಲೇ ಸುಣ್ಣ ಬಳಿಸಿ, 'ಮಾಡಿ ನೋಡೋ ಕೋಣೆ' ಎಂದು ಹೆಸರಿಟ್ಟೆ. ಅಲ್ಲಿ ದೊಡ್ಡ ಸಾಮಾನು ಏನೂ ಇಲ್ಲ. ತೇಲುವುದು ಮುಳುಗುವುದು ನೋಡಲು ಒಂದು ಬಕೆಟ್ ನೀರು, ಕೆಟ್ಟ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ತೆಂಗಿನ ಚಿಪ್ಪಿನ ತಕ್ಕಡಿ. ಆದರೆ ಅಲ್ಲಿ ಒಂದು ಕಟ್ಟಳೆ ಇದೆ. ಕಣ್ಣಿಗೆ ಕಂಡದ್ದು, ಕೈಗೆ ತಿಳಿದದ್ದು, ಅಷ್ಟನ್ನೇ ಹೇಳಬೇಕು. ಟೀಚರಿಗೆ ಖುಷಿಯಾಗಲಿ ಎಂದು ಹೇಳಿದರೆ ನಡೆಯುವುದಿಲ್ಲ.

ನಮ್ಮ ಹೆಡ್‌ಮಾಸ್ತರರು ಸಂಗಮನಾಥ ಸರ್. ಮನುಷ್ಯ ಒಳ್ಳೆಯವರು, ಆದರೆ ಕಾಪಿ ಬರಹದ ಮೇಲೂ ಒಣಗಿದ ನೆಲದ ಮೇಲೂ ಅವರಿಗೆ ಎಲ್ಲಿಲ್ಲದ ಪ್ರೀತಿ.

"ಮೇಡಮ್, ವರಾಂಡಾ ನೋಡ್ರಿ, ಗದ್ದಿ ಆಗ್ಯಾದ. ನಿಮ್ಮ ಹುಡುಗ್ರಿಗಿ ಕಾಪಿ ಬರಿಯಾಕ ಹೊತ್ತಿಲ್ಲ, ನೀರಾಗ ಕಲ್ಲ ಒಗಿಯಾಕ ಹೊತ್ತದ" ಎಂದು ಒಂದು ದಿನ ಶುರು ಮಾಡಿದರು. "ಬೆಂಚ್ ಎಲ್ಲಾ ಹೊರಗ ಬಿದ್ದಾವ. ಹಬ್ಬ ಮುಗದ ಮ್ಯಾಲ ಸಿ.ಆರ್.ಪಿ. ಸರ್ ಬರ್ತಾರ. ಅವ್ರ ಮುಂದ ಹುಡುಗ್ರು ಏನರ ಕಲ್ತಿದ್ದು ತೋರ್ಸಿದ್ರ ಕೋಣಿ ನಿಮ್ದು. ಇಲ್ಲಂದ್ರ ಬೆಂಚ್ ಒಳಗ ಹಾಕಸ್ತೀನಿ. ಮತ್ತ ನೀವು ನಡುವ ಬಾಯಿ ಹಾಕಬಾರದು, ಈಗ ಹೇಳೀನಿ."

"ಆಗ್ಲಿ ಸರ್" ಎಂದೆ. ಎದೆಯೊಳಗೆ ಕುದಿಯುತ್ತಿತ್ತು, ಆದರೆ ಕೋಣೆ ಅವರ ಕೈಯಲ್ಲಿತ್ತು.

ಸಿ.ಆರ್.ಪಿ. ಎಂದರೆ ಸುತ್ತಲಿನ ಶಾಲೆಗಳಿಗೆಲ್ಲ ಬಂದು ಪಾಠ ನೋಡಿ ಹೋಗುವವರು. ಅವರಿಗೆ ತೋರಿಸಲು ಕಾಳು ಮೊಳೆಯುವ ಪ್ರಯೋಗ ಇಟ್ಟುಕೊಂಡೆವು. ಶಹಾಪುರದ ಸಂತೆಯಿಂದ ಮೂರು ಮಣ್ಣಿನ ಕುಡಿಕೆ ತಂದೆ. ಮಕ್ಕಳು ಮಣ್ಣು ತುಂಬಿ ಹೆಸರುಕಾಳು ಊರಿದರು. ಒಂದು ಕುಡಿಕೆ ಕಿಟಕಿಯಲ್ಲಿ, ನೀರು ಹಾಕಿ. ಒಂದು ಹಳೆಯ ಟ್ರಂಕಿನೊಳಗೆ ಕತ್ತಲಲ್ಲಿ, ಅದಕ್ಕೂ ನೀರು. ಇನ್ನೊಂದು ಕಿಟಕಿಯಲ್ಲೇ, ಆದರೆ ಒಣಗಿಯೇ ಇರಬೇಕು. ಕಾಳಿಗೆ ನೀರು ಬೇಕೋ ಬೇಡವೋ ಎಂದು ಹೇಳಬೇಕಾದದ್ದು ಆ ಒಣ ಕುಡಿಕೆ.

ಬಾಲಮ್ಮನ ಮನೆ ಶಾಲೆಯ ಹಿಂದೆಯೇ. ಬೀಗದ ಕೈ ಕೊಟ್ಟು ತೋರಿಸಿ ಹೇಳಿದೆ. "ಇದಕ್ಕ ಮತ್ತ ಟ್ರಂಕಿನಾಗಿದ್ದಕ್ಕ ದಿನಾ ಜರಾ ನೀರ ಹಾಕವ್ವ. ಈ ಕಡೀದನ್ನ ಮಾತ್ರ ಮುಟ್ಟಬ್ಯಾಡ."

"ಹೂಂನ್ರಿ" ಎಂದು ತಲೆ ಆಡಿಸಿದಳು. ನಾನು ನಿಶ್ಚಿಂತೆಯಿಂದ ಹೋಳಿಗೆ ತಿನ್ನಲು ಹೋದೆ.

ರಜೆ ಮುಗಿದ ದಿನ ಟಂಟಂ ಕೈಕೊಟ್ಟು ನಾನು ತಡವಾಗಿ ತಲುಪುವಷ್ಟರಲ್ಲಿ ಸಿ.ಆರ್.ಪಿ. ಮಹೇಶಕುಮಾರ ಸರ್ ಆಗಲೇ ಕೋಣೆಯೊಳಗೆ ಕೂತಿದ್ದರು. ಮಕ್ಕಳು ಸುತ್ತ ನಿಂತಿದ್ದರು. ನಾನು ಕಿಟಕಿ ನೋಡಿದೆ. ಎರಡೂ ಕುಡಿಕೆಯಲ್ಲಿ ಹಸಿರು ಮೊಳಕೆ ಒಂದೇ ಎತ್ತರಕ್ಕೆ ನಿಂತಿದ್ದವು. ಒಣ ಕುಡಿಕೆಯಲ್ಲಿ ಒಂದೆರಡು ಹೆಚ್ಚೇ ಇದ್ದವೋ ಏನೋ.

ಇದು ಯಾರ ಕೆಲಸ ಎಂದು ನನಗೆ ಆ ಕ್ಷಣವೇ ತಿಳಿಯಿತು. ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಸಂಗಮನಾಥ ಸರ್ ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟರು.

ಮಹೇಶಕುಮಾರ ಸರ್ ಮೊದಲು ಟ್ರಂಕಿನ ಕುಡಿಕೆ ಎತ್ತಿಕೊಂಡರು. ಅದರ ಮೊಳಕೆ ಉದ್ದವಾಗಿ, ತೆಳ್ಳಗೆ, ಬಣ್ಣ ಇಲ್ಲದೆ ಬೆಳೆದಿತ್ತು.

"ಇವು ಯಾಕ ಹಳದಿ ಆಗ್ಯಾವ?"

ಮರಿಲಿಂಗ ಮುಂದೆ ಬಂದ. ಈ ಹುಡುಗ ಪುಸ್ತಕ ತೆರೆದರೆ ಆಕಳಿಸುತ್ತಾನೆ, ಈ ಕೋಣೆಗೆ ಬಂದರೆ ಮಾತು ನಿಲ್ಲಿಸುವುದಿಲ್ಲ. "ಬೆಳಕಿಲ್ರಿ ಸರ್, ಅದಕ್ಕ. ನಮ್ಮ ಮನ್ಯಾಗ ಘಟದ ಸಸಿನೂ ಹಿಂಗ ಹಳದಿ ಇರ್ತಾವ್ರಿ. ದೇವರ ಕೋಣ್ಯಾಗ ಕತ್ತಲಿ ಅದ."

ನವರಾತ್ರಿಯಲ್ಲಿ ನಮ್ಮ ಕಡೆ ದೇವರ ಜಗಲಿಯ ಮುಂದೆ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ಕೊಡ ಇಟ್ಟು ಘಟ ಹಾಕುತ್ತಾರೆ. ದಿನಾ ನೀರು ಚಿಮುಕಿಸಿ, ಬೆಳೆದ ಸಸಿಯನ್ನು ದಸರೆಯ ದಿನ ತಲೆಗೆ ಮುಡಿಯುತ್ತಾರೆ. ನಾನೂ ಚಿಕ್ಕಂದಿನಿಂದ ಮುಡಿದವಳೇ. ಅದು ಯಾಕೆ ಹಳದಿ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಆ ಉರಿಯ ನಡುವೆಯೂ ಹುಡುಗನನ್ನು ಎತ್ತಿ ಮುದ್ದಾಡಬೇಕು ಅನಿಸಿತು.

"ಶಾಭಾಶ್" ಎಂದು ಸರ್ ಒಣ ಕುಡಿಕೆಯತ್ತ ತಿರುಗಿದರು. "ಇದಕ್ಕ ನೀರ ಹಾಕಿಲ್ಲಂತ. ಆದ್ರೂ ಬಂದಾವ. ಹಂಗಾದ್ರ ಕಾಳಿಗಿ ನೀರ ಬೇಕೋ, ಬ್ಯಾಡೋ?"

ಹೆಡ್‌ಮಾಸ್ತರರು ಮೆಲ್ಲಗೆ, "ಪುಸ್ತಕದಾಗ ಏನ್ ಅದ, ಅದನ್ನ ಹೇಳ್ರಲೇ" ಎಂದು ಪಿಸುಗುಟ್ಟಿದರು. ಅವರಿಗೂ ಶಾಲೆಯ ಮರ್ಯಾದೆಯ ಚಿಂತೆ, ಪಾಪ. ಒಂದು ಮಗುವಾದರೂ 'ನೀರು ಬೇಕು' ಎಂದುಬಿಟ್ಟರೆ ಕೋಣೆ ಉಳಿಯುತ್ತಿತ್ತು. ಆದರೆ ಯಾರೂ ಹೇಳಲಿಲ್ಲ, ಏಕೆಂದರೆ ಕಂಡದ್ದನ್ನೇ ಹೇಳಿ ಎಂದು ಕಲಿಸಿದವಳು ನಾನೇ.

ಆಗ ಸಾಬೇರಾ ಮುಂದೆ ಬಂದಳು. ಮಾತು ಕಡಿಮೆ, ಕೈ ಹೆಚ್ಚು, ಅಂಥ ಹುಡುಗಿ. ಒಣ ಕುಡಿಕೆಯೊಳಗೆ ತೋರುಬೆರಳು ಊರಿದಳು, ಹೊರತೆಗೆದು ನೋಡಿದಳು, ಮೂಸಿದಳು. ಬೆರಳನ್ನು ಹಾಗೇ ಮಹೇಶಕುಮಾರ ಸರ್ ಮೂಗಿನ ಮುಂದೆ ಹಿಡಿದಳು.

"ಮಣ್ಣ ಹಸಿ ಅದ್ರಿ ಸರ್."

"ಅಂದ್ರ?"

"ನಾವು ಒಣಾ ಮಣ್ಣ ಹಾಕಿದ್ವಿ. ಮಳಿ ಆಗಿಲ್ಲ. ಇದಕ್ಕ ಯಾರೋ ನೀರ ಹಾಕ್ಯಾರ್ರಿ."

ಬಾಗಿಲಲ್ಲಿ ಸೌಟು ಬಿದ್ದ ಸದ್ದಾಯಿತು. ಬಾಲಮ್ಮ ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು.

"ನಾನ ಹಾಕೀನ್ರಿ. ಮಣ್ಣಾಗ ಕಾಳ ಊರಿ, ಕುಡಿಕ್ಯಾಗ ಇಟ್ಟು, ನೀರ ಬ್ಯಾಡ ಅಂದ್ರ ಹೆಂಗ್ರಿ? ಘಟ ಒಣಗಿಸಿದ್ರ ಮನಿಗಿ ಛಲೋ ಅಲ್ರಿ. ಇದು ಕೂಸುಗೋಳ ಇರೋ ಮನಿ. ಹಬ್ಬದಾಗ ಎರಡಕ್ಕ ಹಾಕಿ ಒಂದಕ್ಕ ಬಿಡಾಕ ನನ್ನ ಕೈ ಬರಲಿಲ್ರಿ."

"ಏನ್ ಮಾಡಿದಿ ಬಾಲಮ್ಮ!" ಎಂದು ಸಂಗಮನಾಥ ಸರ್ ಹಣೆ ಹಿಡಿದುಕೊಂಡರು. ನಾನು ಇನ್ನೂ ಜೋರಾಗಿ ಏನೋ ಅನ್ನುವವಳಿದ್ದೆ. ಆದರೆ ಮಕ್ಕಳು 'ಹೋ' ಎಂದು ಚಪ್ಪಾಳೆ ತಟ್ಟತೊಡಗಿದರು. ಸಾಬೇರಾ ಹೇಳಿದ್ದು ಖರೇ ಆಗಿತ್ತಲ್ಲ. ಆ ಚಪ್ಪಾಳೆಯಲ್ಲಿ ನನ್ನ ಬೈಗುಳ ಗಂಟಲಲ್ಲೇ ಉಳಿಯಿತು.

ಮಹೇಶಕುಮಾರ ಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಬೆರಳು ಹಾಕಿ ನೋಡಿದಳಲ್ರಿ, ಅದು ಛಲೋ ಆತು. ಆದ್ರ ನೀರ ಬೇಕೋ ಬ್ಯಾಡೋ ಅನ್ನೋದು ಇನ್ನ ಗೊತ್ತಾಗಲಿಲ್ಲ. ಮತ್ತ ಮಾಡ್ರಿ. ಮುಂದಿನ ವಾರ ಬರ್ತೀನಿ."

"ಕುಡಿಕಿ ಒಣಾ ಉಳದ್ರ ಕೋಣಿ ಉಳೀತದ ಮೇಡಮ್" ಎಂದರು ಹೆಡ್‌ಮಾಸ್ತರರು. ಬೆಂಚಿನ ಮಾತು ಅವರು ಮರೆತಿರಲಿಲ್ಲ.

ಮಕ್ಕಳು ಅಲ್ಲೇ ಎರಡು ಹೊಸ ಒಣ ಕುಡಿಕೆ ಮಾಡಿದರು. ಒಂದನ್ನು ಸಾಬೇರಾ ಸಿ.ಆರ್.ಪಿ. ಸರ್ ಕೈಯಲ್ಲಿಟ್ಟಳು. "ಇದು ನಿಮ್ಮ ಮನ್ಯಾಗ ಇರ್ಲಿ ಸರ್. ನೀರ ಹಾಕಬ್ಯಾಡ್ರಿ." ಅವರು ಅದನ್ನು ಬೈಕಿನ ಬ್ಯಾಗಿನಲ್ಲಿ ಇಟ್ಟುಕೊಂಡು ಹೋದರು.

ಇನ್ನೊಂದನ್ನು ಆಫೀಸಿನ ಅಲಮಾರಿಯಲ್ಲಿಟ್ಟು ಬೀಗ ಜಡಿಯಬೇಕು ಎಂದು ನಾನು ಹೊರಟೆ. ಸಾಬೇರಾ ನನ್ನ ಸೆರಗು ಹಿಡಿದಳು.

"ಆಯಿ ಕೈಯಾಗ ಕೊಡ್ರಿ ಟೀಚರ್."

"ಆಯಿ ಕೈಯಾಗ? ನಿನಗ ತಲಿ ಕೆಟ್ಟದೇನು?"

"ಹಾಕಬ್ಯಾಡ ಅಂತ ಹೇಳೀರಿ. ಯಾಕಂತ ಹೇಳೇ ಇಲ್ಲಲ್ರಿ."

ಹೇಳಿದವಳಿಗೆ ಎಂಟು ವರ್ಷ. ಕುಡಿಕೆ ಅವಳ ಕೈಗೇ ಕೊಟ್ಟೆ. ಮಕ್ಕಳೆಲ್ಲ ಅಡುಗೆ ಕೋಣೆಗೆ ನುಗ್ಗಿದರು. ಮರಿಲಿಂಗ ಬಾಲಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, ದೊಡ್ಡವರ ಹಾಗೆ ಬಿಡಿಸಿ ಹೇಳಿದ.

"ಆಯಿ, ಇದು ಘಟ ಅಲ್ಲ. ನಾವು ಕಾಳಿಗಿ ಒಂದು ಮಾತ ಕೇಳಾಕತ್ತೀವಿ. ನೀರ ಇಲ್ದ ಬರ್ತಿಯೇನು ಅಂತ. ಅದು ಹೇಳೋ ಮಟ ತಡಿಬೇಕು."

ಬಾಲಮ್ಮ ಕುಡಿಕೆಯನ್ನು ಕೈಗೆ ತೆಗೆದುಕೊಂಡಳು. "ಅದು ಹೇಳಿದ ಮ್ಯಾಲ ಹಾಕಬೌದೇನು?"

"ಹೂಂ. ನೀನ ಹಾಕು."

ಹಾಗೆ ಒಪ್ಪಂದವಾಯಿತು. ಬಾಲಮ್ಮ ಕುಡಿಕೆಯನ್ನು ಅಡುಗೆ ಕೋಣೆಯ ಮೇಲಿನ ಗೂಡಿನಲ್ಲಿಟ್ಟು, ಉಗಿ ತಾಗದಂತೆ ತಟ್ಟೆ ಮುಚ್ಚಿದಳು. ಒದ್ದೆ ಕೈಯಲ್ಲಿ ಯಾರಾದರೂ ಹತ್ತಿರ ಹೋದರೆ ಸೌಟು ಎತ್ತುತ್ತಿದ್ದಳು. ಒಂದು ಬೆಳಗ್ಗೆ ನಾನು ಹೋದಾಗ ಅದರ ಮುಂದೆ ನಿಂತು, "ಜರಾ ತಡಿ ಯವ್ವಾ, ಹುಡುಗ್ರು ಕೇಳಾಕತ್ಯಾವ" ಎಂದು ಕಾಳಿಗೆ ಸಮಾಧಾನ ಹೇಳುತ್ತಿದ್ದಳು. ನಾನು ಸದ್ದಾಗದಂತೆ ಹಿಂದೆ ಸರಿದೆ.

ಆ ವಾರವೇ ಸಂಗಮನಾಥ ಸರ್ ನನ್ನನ್ನು ಕರೆದರು. ಮುಖ ಚಿಕ್ಕದಾಗಿತ್ತು.

"ಮೇಡಮ್, ಬಾಲಮ್ಮ ನಮಗೆಲ್ಲಾ ಚಾ ಮಾಡಿ ಕೊಡಾಕತ್ಯಾಳ, ತಾ ಕುಡಿಯಾಕತ್ತಿಲ್ಲ. ಅದಕ್ಕ ನೀರಿಲ್ಲ, ಅದರ ಮುಂದ ನಾ ಹೆಂಗ ಕುಡೀಲಿ ಅಂತಾಳ. ನಿಮ್ಮ ಪ್ರಯೋಗ ಜಲ್ದಿ ಮುಗಸ್ರಿ."

ಅಂದು ನನಗೂ ಚಹಾ ಇಳಿಯಲಿಲ್ಲ. ನಮ್ಮ ಕೋಣೆಗಾಗಿ ಈ ಹೆಂಗಸು ತನ್ನ ನಂಬಿಕೆಗೆ ವಿರುದ್ಧವಾಗಿ ಹಲ್ಲು ಕಚ್ಚಿ ನಿಂತಿದ್ದಳು. ಆಕೆಯನ್ನು ನಾನು ಬೈಯಲು ಹೋಗಿದ್ದೆ.

ಹೇಳಿದ ದಿನ ಮಹೇಶಕುಮಾರ ಸರ್ ಬಂದರು. ಬ್ಯಾಗಿನಿಂದ ಕುಡಿಕೆ ತೆಗೆಯುವಾಗ ಅವರ ಮುಖ ಕೆಂಪಾಗಿತ್ತು. ಅದರ ತುಂಬ ಹಸಿರು ಮೊಳಕೆ.

"ನಮ್ಮವ್ವ ಹಾಕ್ಯಾಳ್ರಿ" ಎಂದರು. "ಎಷ್ಟ ಹೇಳಿದ್ರೂ ಕೇಳಲಿಲ್ಲ. ಕಾಳ ಊರಿ ಒಣಗಿಸ್ತಿಯೇನು, ಇದನ್ನ ಕಲಿಸಾಕ ಪಗಾರ ಕೊಡ್ತಾರೇನು ಅಂತ ಬೈದಳ್ರಿ."

ಸಂಗಮನಾಥ ಸರ್ ನಕ್ಕಿದ್ದನ್ನು ಮಕ್ಕಳು ಅಂದೇ ಮೊದಲ ಸಲ ನೋಡಿದ್ದು.

ಬಾಲಮ್ಮ ತನ್ನ ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ತಟ್ಟೆ ತೆಗೆದರು. ಬರಿ ಮಣ್ಣು. ಒಬ್ಬೊಬ್ಬರಾಗಿ ಬೆರಳು ಊರಿ ನೋಡಿದರು, ಸಿ.ಆರ್.ಪಿ. ಸರ್ ಕೂಡ. ಸಾಬೇರಾ ಒಂದು ಕಾಳು ಕೆದಕಿ ತೆಗೆದು ಹಲ್ಲಿನಲ್ಲಿ ಕಡಿದಳು. ಕಟ್ ಎಂದಿತು.

"ಮಣ್ಣ ಒಣಾ ಅದ. ಕಾಳು ಹೆಂಗ ಹಾಕಿದ್ವಿ ಹಂಗ ಅದ. ನೀರ ಇಲ್ಲಂದ್ರ ಬರಂಗಿಲ್ರಿ" ಎಂದಳು. ಆಮೇಲೆ ಸರ್ ತಂದ ಕುಡಿಕೆ ತೋರಿಸಿ, "ನೀರ ಹಾಕಿದ್ರ ಬರ್ತಾವ. ನಿಮ್ಮ ಅಮ್ಮಾವ್ರು ಹಾಕ್ಯಾರಲ್ರಿ" ಎಂದಳು.

ಹೆಡ್‌ಮಾಸ್ತರರು ಹೊರಗೆ ಬಿದ್ದ ಬೆಂಚಿನ ಕಡೆ ನೋಡಿದರು. "ಅವು ಅಲ್ಲೇ ಇರ್ಲಿ ಬಿಡ್ರಿ, ಒಂದು ತಾಡಪತ್ರಿ ಹೊಚ್ಚಿದ್ರಾತು" ಎಂದರು. ಮಕ್ಕಳಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಬೇಕಾಗಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡೆ.

"ಈಗ ಹಾಕ್ಲೇನ್ರಿ?" ಬಾಲಮ್ಮ ಕೇಳಿದಳು. ಅಲ್ಲಿಯವರೆಗೂ ಆಕೆ ಕಾದಿದ್ದು ಅದೊಂದಕ್ಕೇ.

"ಹಾಕವ್ವ."

ಚೊಂಬಿನಿಂದ ಬೊಗಸೆ ತುಂಬಿಕೊಂಡು, ಬೆರಳ ಸಂದಿಯಿಂದ ನಿಧಾನವಾಗಿ ಬಿಟ್ಟಳು. ಮಣ್ಣು ಕಪ್ಪಾಯಿತು. ಮರಿಲಿಂಗ ಬಗ್ಗಿ ನೋಡಿ, "ಆಯಿ, ಇಷ್ಟ ದಿನಾ ನೀರಿಲ್ಲ, ಸತ್ತಿದ್ರ?" ಎಂದುಬಿಟ್ಟ. ಬಾಲಮ್ಮನ ಕೈ ಅಲ್ಲೇ ನಿಂತಿತು. ಒಣ ಕಾಳಿನಲ್ಲಿ ಜೀವ ಕಾದು ಕೂತಿರುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ, ಆದರೆ ಕೋಣೆಯ ಕಟ್ಟಳೆ ನೆನಪಾಯಿತು.

"ನೋಡೋಣಂತ" ಎಂದೆ.

ನಡುವೆ ಭಾನುವಾರ ಬಂತು. ಸೋಮವಾರ ನಾನು ಟಂಟಂ ಇಳಿಯುವಾಗ ಬಾಲಮ್ಮ ಒಲೆಯ ಮುಂದೆ ಇರಲಿಲ್ಲ, ಗೇಟಿನಲ್ಲಿ ನಿಂತಿದ್ದಳು. ಕೈಯಲ್ಲಿ ಕುಡಿಕೆ. ಮಣ್ಣು ಒಡೆದು, ಮೊದಲ ಮೊಳಕೆ ತಲೆ ಬಗ್ಗಿಸಿಕೊಂಡು ಮೇಲೆ ಬರುತ್ತಿತ್ತು.

"ಜೀವ ಇತ್ರಿ ಟೀಚರ್!" ಎಂದಳು. "ನಾ ಕೊಂದಿಲ್ರಿ!"

ಬಾಲಮ್ಮ ನೀರು ಹಾಕದೆ ಇದ್ದ ದಿನಗಳಲ್ಲಿ ಎಷ್ಟು ಹೆದರಿದ್ದಳು ಎಂದು ಆಗ ತಿಳಿಯಿತು. ರಸ್ತೆಯ ಮೇಲೇ ಆಕೆಯ ಎರಡೂ ಕೈ ಹಿಡಿದುಕೊಂಡೆ.

"ನಿನ್ನಿಂದ ನಮ್ಮ ಕೋಣಿ ಉಳೀತವ್ವ. ನಿನ್ನ ಉಪಕಾರ ನಾ ಮರಿಯಂಗಿಲ್ಲ" ಎಂದೆ.

"ಅದೆಲ್ಲಾ ಇರ್ಲಿ, ಒಳಗ ನಡೀರಿ" ಎಂದಳು. "ನಸಿಕಿನ್ಯಾಗ ಮೊಳಕಿ ನೋಡಿ ಚಾ ಇಟ್ಟೀನಿ. ನೀವು ಬಂದ ಮ್ಯಾಲ ಕುಡೀಬೇಕಂತ ಕುಂತೀನಿ."

ಅಡುಗೆ ಕೋಣೆಯ ಕಟ್ಟೆಯ ಮೇಲೆ ಕುಡಿಕೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಚಹಾ ಕುಡಿದೆವು. ನಾನು ಸಾಕು ಎಂದರೂ ಬಾಲಮ್ಮ ನನ್ನ ಲೋಟಕ್ಕೆ ಇನ್ನೊಂದಿಷ್ಟು ಬಗ್ಗಿಸಿದಳು.