ಸೋಮವಾರದ ಫೋನು

ಧರ್ಮೇಂದ್ರ ಇಂಟರ್ನೆಟ್ ಫೋನಿನ ಪೆಟ್ಟಿಗೆಯ ನೆತ್ತಿಗೆ ಅಂಗೈಯಿಂದ ಎರಡು ಏಟು ಹಾಕಿ, ರಿಸೀವರನ್ನು ಮತ್ತೆ ಕಿವಿಗೊತ್ತಿಕೊಂಡ. ಪಕ್ಕದಲ್ಲಿ ಅವನ ಹೆಂಡತಿ ಶೀಲಾ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು. ಹೊರಗೆ ಜಗಲಿಯಲ್ಲಿ ಶೀಲಾಳ ತಾಯಿ ಈಶ್ವರಮ್ಮನನ್ನು ಚಾಪೆಯ ಮೇಲೆ ಮಲಗಿಸಿ ತಲೆಯ ಬಳಿ ದೀಪ ಹಚ್ಚಿಟ್ಟಿದ್ದರು. ಬೆಳಿಗ್ಗೆ ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

“ಹಲೋ ಅಂದ್ರು. ಸೋಗಾನೆ ಮಾವಂದೇ ದನಿ,” ಎಂದಳು ಶೀಲಾ. “ಅಮ್ಮ ಹೋಗ್ಬಿಟ್ಲು ಮಾವ ಅಂದೆ. ಅಷ್ಟೇ. ಆಮೇಲೆ ಸದ್ದೇ ಇಲ್ಲ.”

“ಲೈನ್ ಹೋಗಿದೆ. ನೀನ್ ಹೇಳಿದ್ದು ಅವರಿಗೆ ಕೇಳ್ಸಿಲ್ಲ,” ಎಂದು ಧರ್ಮೇಂದ್ರ ಮೂರನೆಯ ಏಟಿಗೆ ಕೈ ಎತ್ತಿದ. ಅಷ್ಟರಲ್ಲಿ ಕರೆಂಟ್ ಹೋಯಿತು. ಪೆಟ್ಟಿಗೆಯ ಹಸಿರು ದೀಪಗಳೆಲ್ಲ ಒಟ್ಟಿಗೆ ಆರಿದವು.

ಭದ್ರಾವತಿಯ ಆ ಓಣಿಯವರಿಗೆ ಅಳುವುದರ ನಡುವೆ ಇದೊಂದು ಮಾತು ಸಿಕ್ಕಿತು. ಹಳೇ ಫೋನಾಗಿದ್ದರೆ ಕರೆಂಟು ಹೋದರೂ ಗೊಣಗದೆ ಕೆಲಸ ಮಾಡುತ್ತಿತ್ತು ಎಂದು ಒಬ್ಬರು, ಮಳೆ ಬಂದರೆ ಅದೂ ಮಲಗುತ್ತಿತ್ತಲ್ಲ ಎಂದು ಇನ್ನೊಬ್ಬರು. ಯಾರೋ ತಮ್ಮ ಮೊಬೈಲು ತಂದುಕೊಟ್ಟರು. ಅದರಿಂದ ಸೋಗಾನೆಗೆ, ಈಶ್ವರಮ್ಮನ ತಮ್ಮ ಪುಟ್ಟಯ್ಯನ ಮನೆಗೆ ಮಾಡಿದರೆ ರಿಂಗಾಯಿತು, ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಇದಕ್ಕೆ ಏನರ್ಥ ಎನ್ನುವುದರ ಮೇಲೆ ಓಣಿ ಎರಡು ಪಕ್ಷವಾಯಿತು. ಪುಟ್ಟಯ್ಯ ಹೊರಟಿದ್ದಾನೆ, ಅದಕ್ಕೇ ಎತ್ತಲಿಲ್ಲ ಎಂದು ಒಂದು ಪಕ್ಷ. ಅವನು ತೋಟಕ್ಕೆ ಹೋಗಿದ್ದಾನೆ, ಅವನಿಗೆ ಸುದ್ದಿಯೇ ಮುಟ್ಟಿಲ್ಲ ಎಂದು ಇನ್ನೊಂದು. ಮುಟ್ಟಿದರೂ ಬರುವ ಜನವಲ್ಲ ಬಿಡಿ ಎಂದವರೂ ಇದ್ದರು.

ಬರಲೇಬೇಕಿತ್ತು. ಹೆಣ್ಣುಮಗಳು ಸತ್ತರೆ ತವರಿನಿಂದ ಸೀರೆ ಬಂದು, ಅದನ್ನು ಹೊದಿಸಿದ ಮೇಲೆಯೇ ಹೆಣ ಎತ್ತುವುದು ಅವರಲ್ಲಿ ನಡೆದುಕೊಂಡು ಬಂದದ್ದು. ಈಶ್ವರಮ್ಮನ ತವರೆಂದರೆ ಈಗ ತಮ್ಮ ಪುಟ್ಟಯ್ಯನೊಬ್ಬನೇ. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಸಿದ್ದು ಹಗ್ಗದ ಗಂಟು ಬಿಗಿಯುತ್ತಾ, ಹೊತ್ತು ಮುಳುಗುವುದರೊಳಗೆ ಎತ್ತಬೇಕು, ಸೀರೆ ಬರದಿದ್ದರೆ ಮನೆಯದೇ ಒಂದು ಹೊದಿಸಿ ಎಂದ. ಶೀಲಾ ಆಗುವುದಿಲ್ಲ ಎಂದಳು. ಬೆಳಗಿನಿಂದ ಅವಳು ಗಟ್ಟಿಯಾಗಿ ಆಡಿದ ಮಾತು ಅದೊಂದೇ. ತನ್ನ ಮದುವೆಯಿಂದಲೇ ಅಮ್ಮನಿಗೆ ತವರು ತಪ್ಪಿತು, ಸಾಯುವಾಗಲೂ ತಪ್ಪಿದರೆ ತಾನು ಯಾವ ಮುಖ ಹೊತ್ತು ಬದುಕಲಿ ಎಂಬ ಸಂಕಟ ಅವಳದು.

*

ಎಂಟು ವರ್ಷದ ಹಿಂದೆ ಪುಟ್ಟಯ್ಯ ತನ್ನ ಮಗನಿಗೆ ಶೀಲಾಳನ್ನೇ ತರುವುದೆಂದು ಸೋಗಾನೆಗೆಲ್ಲ ಹೇಳಿಕೊಂಡು ತಿರುಗಿದ್ದ. ಅಕ್ಕನ ಮಗಳು, ಕೇಳುವುದೇನು ಬಂತು ಎಂದು ಅಕ್ಕನನ್ನೂ ಕೇಳಿರಲಿಲ್ಲ, ಹುಡುಗಿಯನ್ನಂತೂ ಕೇಳಿರಲೇ ಇಲ್ಲ. ಹುಡುಗಿ ನೋಡಿದರೆ ಮಾಚೇನಹಳ್ಳಿಯ ಲೇತ್ ವರ್ಕ್‌ಶಾಪಿನ ಧರ್ಮೇಂದ್ರನನ್ನು ಆರಿಸಿಕೊಂಡಿದ್ದಳು. ಈಶ್ವರಮ್ಮ ಒಂದು ರಾತ್ರಿ ಯೋಚಿಸಿ ಮಗಳ ಕಡೆ ನಿಂತಳು.

ಪುಟ್ಟಯ್ಯ ಮದುವೆಯ ಚಪ್ಪರದವರೆಗೆ ಬಂದ, ಒಳಗೆ ಕಾಲಿಡಲಿಲ್ಲ. ಇನ್ನು ನಿನ್ನ ಹೊಸಿಲು ತುಳಿಯುವುದಿಲ್ಲ, ನೀನು ಬದುಕಿರುವವರೆಗೆ ನಿನ್ನ ಜತೆ ಒಂದು ಮಾತು ಆಡುವುದಿಲ್ಲ ಎಂದು ನೆಂಟರೆದುರಿಗೆ ಹೇಳಿ ಹೊರಟುಹೋದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಸಿಟ್ಟು ಅವನಿಗೆ ವಾರದೊಳಗೇ ಇಳಿದಿರಬೇಕು. ಆದರೆ ಅಷ್ಟು ಜನ ಕೇಳಿಸಿಕೊಂಡ ಮಾತನ್ನು ನುಂಗುವುದು ಹೇಗೆಂದು ಪಾಪದವನಿಗೆ ಗೊತ್ತಾಗಲಿಲ್ಲ.

*

ಕೊನೆಗೆ ಧರ್ಮೇಂದ್ರ ಬೈಕಿನ ಕೀ ಎತ್ತಿಕೊಂಡ. ಸೋಗಾನೆ ಎಷ್ಟು ಮಹಾ ದೂರ, ಕಾಲಿಗೆ ಬಿದ್ದಾದರೂ ಕರೆದುಕೊಂಡು ಬರುತ್ತೇನೆ ಎಂದ. ಆಗ ಪಕ್ಕದ ಮನೆಯ ಹಾಲಮ್ಮ, ಬೆಳಗಿನಿಂದ ಹೆಣದ ಕಾಲ ಬಳಿ ಕೂತವಳು, ಎದ್ದು ಬಂದು ಕೀಯನ್ನು ಅವನ ಕೈಯಿಂದ ಕಿತ್ತುಕೊಂಡಳು.

“ನೀನ್ ಹೋದ್ರೆ ಬರೋನೂ ಬರಲ್ಲ ಮಾರಾಯ. ಅವನಿಗೆ ಕೇಳ್ಸಿದೆ. ಲೈನ್ ಹೋಗಿಲ್ಲ, ಏನೂ ಹೋಗಿಲ್ಲ. ಅವ್ನು ಈ ಮನೆ ಫೋನಲ್ಲಿ ಹಲೋ ಬಿಟ್ಟು ಇನ್ನೊಂದು ಮಾತು ಯಾವತ್ತೂ ಆಡಿಲ್ಲ.”

ಗಂಡ ಹೆಂಡತಿ ಅವಳ ಮುಖ ನೋಡಿದರು. ಯಾರಿಗೂ ಹೇಳಕೂಡದೆಂದು ಈಶ್ವರಮ್ಮ ಆಣೆ ಹಾಕಿಸಿಕೊಂಡಿದ್ದ ಸಂಗತಿ ಅದು. ಆಣೆ ಹಾಕಿಸಿಕೊಂಡವಳೇ ಹೋದ ಮೇಲೆ ಇನ್ನೇನು ಎಂದು ಹಾಲಮ್ಮ ಅಲ್ಲೇ ಹೊಸಿಲ ಮೇಲೆ ಕೂತು ಎಲ್ಲ ಹೇಳಿದಳು.

*

ಮದುವೆಯಾದ ತಿಂಗಳಲ್ಲೇ ಒಂದು ಸೋಮವಾರ ಫೋನು ಬಂದಿತ್ತು. ಎತ್ತಿದರೆ ಆ ಕಡೆ ಮಾತಿಲ್ಲ. ಈಶ್ವರಮ್ಮ ಇಡಬೇಕೆನ್ನುವಷ್ಟರಲ್ಲಿ ಒಂದು ಕೆಮ್ಮು ಕೇಳಿಸಿತು. ಬೆನ್ನ ಮೇಲೆ ಹೊತ್ತು ಆಡಿಸಿದ ತಮ್ಮನ ಕೆಮ್ಮು ಅವಳಿಗೆ ತಿಳಿಯದೇ? ಹೆಸರು ಹಿಡಿದು ಕರೆದರೆ ಎಲ್ಲಿ ಇಟ್ಟುಬಿಡುತ್ತಾನೋ ಎಂದು, ಯಾರಿಗೋ ಹೇಳುವವಳ ಹಾಗೆ ಮನೆಯ ಸುದ್ದಿ ಹೇಳತೊಡಗಿದಳು. ಅಲ್ಲಿಂದ ಪ್ರತಿ ಸೋಮವಾರ, ಹೆಂಡತಿ ಗುಡಿಗೆ ಹೋದ ಹೊತ್ತು ನೋಡಿ ಅವನು ಮಾಡುವುದು, ಇವಳು ಹೇಳುವುದು, ನಡುನಡುವೆ ಅವನ ಮನೆಯದನ್ನೂ ವಿಚಾರಿಸುವುದು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿರುತ್ತಿದ್ದರು. ಅವರೆಕಾಯಿ ಸುಲಿಯುತ್ತಾ ಕೂತ ಹಾಲಮ್ಮನೊಬ್ಬಳೇ ಸಾಕ್ಷಿ.

ಈ ವರ್ಷ ಯುಗಾದಿ ಕಳೆದ ಮೇಲೆ ಧರ್ಮೇಂದ್ರ ಇಂಟರ್ನೆಟ್ ಫೋನು ಹಾಕಿಸಿದ. ಓಣಿಗೇ ಮೊದಲನೆಯದು. ವೈರು ಎಳೆಯುವವರು ಬಂದ ದಿನ ಈಶ್ವರಮ್ಮ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು, ಓಣಿಗೆಲ್ಲ ಸಜ್ಜಿಗೆ ಹಂಚಿದಳು. ಇದ್ದಬದ್ದ ಮನೆಗಳಿಗೆಲ್ಲ ಫೋನು ಮಾಡಿ, ನನ್ನ ಮಾತು ಈಗ ಇಂಟರ್ನೆಟ್ಟಿನಲ್ಲಿ ಬರ್ತಾ ಇದೆ, ಚೆನ್ನಾಗಿದೆಯಾ ಎಂದು ಕೇಳಿದಳು. ಧರ್ಮೇಂದ್ರ ಹಳೇ ಲೈನು ವಾಪಸ್ಸು ಮಾಡಿ, ಹೊಸ ನಂಬರನ್ನು ನೆಂಟರಿಗೆಲ್ಲ ತಿಳಿಸಿದ. ಸೋಗಾನೆಯೊಂದನ್ನು ಬಿಟ್ಟ. ಮಾತೇ ಇಲ್ಲದ ಮನೆಗೆ ನಂಬರೇಕೆ?

ಸೋಮವಾರ ಬಂತು, ಫೋನು ಬರಲಿಲ್ಲ. ಈಶ್ವರಮ್ಮನಿಗೆ ಆಗ ಹೊಳೆಯಿತು. ಅಳಿಯನಿಗೆ ಹೇಳುವಂತಿಲ್ಲ, ಹೇಳಿದರೆ ಗುಟ್ಟು ರಟ್ಟಾಗಿ ತಮ್ಮ ನಾಚಿಕೆಯಿಂದ ಫೋನನ್ನೇ ಬಿಟ್ಟಾನು. ಮೂರು ಸೋಮವಾರ ಅನ್ನ ಸೇರಲಿಲ್ಲ. ನಾಲ್ಕನೆಯದಕ್ಕೆ, ಆದದ್ದಾಗಲಿ ಎಂದು ಹಾಲಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡು ತಾನೇ ಸೋಗಾನೆಗೆ ನಂಬರು ಒತ್ತಿದಳು.

ಆ ಕಡೆಯಿಂದ “ಹಲೋ” ಎಂದು ಬಂತು.

ಯಾರ ಫೋನೆಂದು ಗೊತ್ತಿಲ್ಲದವನು ಹಲೋ ಅನ್ನದೆ ಇನ್ನೇನು ಮಾಡಿಯಾನು! ಎಂಟು ವರ್ಷದ ಮೇಲೆ ಕೇಳಿದ ದನಿ. ಈಶ್ವರಮ್ಮ ಫೋನು ಇಟ್ಟ ಮೇಲೆ ಹಾಲಮ್ಮನನ್ನು ಅಪ್ಪಿಕೊಂಡು ಚಿಕ್ಕ ಹುಡುಗಿಯಂತೆ ಕುಣಿದಳು.

“ಹಲೋ ಅಂದ ಕಣೇ ಹಾಲಿ. ಈ ಪೆಟ್ಟಿಗೆಗೆ ನೂರು ವರ್ಷ ಆಯಸ್ಸಾಗ್ಲಿ.”

ಮುಂದಿನ ವಾರ ಅವನಿಗೆ ಗೊತ್ತಿತ್ತು, ಸೋಮವಾರ ಆ ಹೊತ್ತಿಗೆ ಮಾಡುವವರು ಇನ್ನಾರು? ಆದರೂ ಏನೂ ತಿಳಿಯದವನಂತೆ ಹಲೋ ಅಂದ. ಅದಾದ ಮೇಲೂ ಪ್ರತಿವಾರ ಅಂದ. ಈಶ್ವರಮ್ಮ ಭಾನುವಾರ ಸಂಜೆಯಿಂದಲೇ ಸಡಗರಪಡುತ್ತಿದ್ದಳು, ಸೋಮವಾರ ಒಗೆದ ಸೀರೆ ಉಟ್ಟು ಫೋನಿನ ಮುಂದೆ ಕೂರುತ್ತಿದ್ದಳು.

*

ಹಾಲಮ್ಮ ಮುಗಿಸುವ ಹೊತ್ತಿಗೆ ಅಂಗಳದವರೆಲ್ಲ ಬಾಗಿಲಿಗೆ ಬಂದಿದ್ದರು. ಶೀಲಾ ಅಳುತ್ತಲೇ ನಕ್ಕಳು. ಅಮ್ಮನಿಗೆ ತವರು ತಪ್ಪಿರಲಿಲ್ಲ ಎಂದು ತಿಳಿದು ಅವಳ ಎದೆ ಹಗುರಾಯಿತು, ಮರುಗಳಿಗೆ ಇಮ್ಮಡಿ ಭಾರವಾಯಿತು. ಸೀರೆ ಇನ್ನೂ ಬಂದಿರಲಿಲ್ಲ. ಓಣಿಯಲ್ಲಿ ಈಗ ಪಕ್ಷಗಳಿರಲಿಲ್ಲ. ಪುಟ್ಟಯ್ಯ ಬರಬೇಕು ಎಂದು ಎಲ್ಲರೂ ಬಯಸುತ್ತಿದ್ದರು. ಶಿವಮೊಗ್ಗದ ಬಸ್ಸು ಬಂದಾಗೆಲ್ಲ ಯಾರಾದರೂ ಓಣಿಯ ತುದಿಗೆ ಹೋಗಿ ಇಣುಕಿ ಬರುತ್ತಿದ್ದರು. ಸಿದ್ದು ಚಟ್ಟ ಕಟ್ಟಿ ಮುಗಿಸಿದ್ದವನು ಒಂದು ಗಂಟು ಬಿಚ್ಚಿ ಮತ್ತೆ ಕಟ್ಟುತ್ತಾ ಕೂತ.

ಬಿಸಿಲು ಎದುರುಮನೆಯ ಹಂಚಿಗೆ ಏರಿದಾಗ ತುದಿಯಲ್ಲಿದ್ದವರು ಕೈ ಬೀಸಿದರು. ಪುಟ್ಟಯ್ಯ ಬಂದ. ಮೊದಲು ಶಿವಮೊಗ್ಗಕ್ಕೆ ಹೋಗಿ ಗಾಂಧಿ ಬಜಾರಿನಲ್ಲಿ ಸೀರೆ ಕೊಂಡು ಬಂದಿದ್ದ, ತಡವಾದದ್ದು ಅದಕ್ಕೆ. ಯಾರ ಮುಖವನ್ನೂ ನೋಡದೆ, ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತು, ಜಗಲಿ ಹತ್ತಿದ. ಕವರಿನಿಂದ ತೆಗೆದದ್ದು ಕನಕಾಂಬರ ಬಣ್ಣದ ಸೀರೆ. ಗಂಡ ಸತ್ತ ಮೇಲೆ ಈಶ್ವರಮ್ಮ ಅಂಥ ಬಣ್ಣ ಉಟ್ಟವಳಲ್ಲ. ಶೀಲಾ ಒಂದು ಅಂಚು ಹಿಡಿದಳು, ಅವನು ಒಂದು ಅಂಚು ಹಿಡಿದ, ಇಬ್ಬರೂ ಸೇರಿ ಹೊದಿಸಿದರು.

ಇನ್ನು ಎತ್ತೋಣವೇ ಎಂದು ಸಿದ್ದು ಕೇಳಿದ. ಪುಟ್ಟಯ್ಯ ಕೈ ಅಡ್ಡ ಹಿಡಿದು ಅಕ್ಕನ ತಲೆಯ ಬಳಿ ಕುಕ್ಕರಿಸಿದ.

“ಸೋಮವಾರ ಕೇಳಿದ್ಯಲ್ಲಕ್ಕ, ಕೆಂದಿ ಕರು ಹಾಕ್ತಾ ಅಂತ. ಹಾಕ್ತು ಕಣೆ. ಹೆಣ್ಣುಗರು.” ಸೀರೆಯ ಅಂಚನ್ನು ಅವಳ ಹೆಗಲಿಗೆ ಸರಿಮಾಡಿದ. “ನನ್ ಮಂಡಿನೋವು ಹೆಂಗಿದೆ ಅಂದಿದ್ಯಲ್ಲ. ಹಂಗೇ ಇದೆ. ಅಪ್ಪ ನೆಟ್ಟ ಹಲಸಿನ ಮರ ಇದ್ಯಾ ಅಂದಿದ್ದೆ. ಇದೆ, ಈ ಸಲ ಬುಡದಿಂದ್ಲೇ ಕಾಯಿ ಬಿಟ್ಟಿತ್ತು.”

ಅಷ್ಟು ವರ್ಷ ಅವಳು ಕೇಳಿದ ಒಂದೊಂದಕ್ಕೂ ಅವನಲ್ಲಿ ಉತ್ತರವಿತ್ತು. ಹೊತ್ತು ಇಳಿಯುತ್ತಿತ್ತು. ಹೆಂಗಸರು ಅಳು ನಿಲ್ಲಿಸಿ ಕೇಳುತ್ತಿದ್ದರು. ಕೊನೆಗೆ ಹಾಲಮ್ಮನೇ ಕಣ್ಸನ್ನೆ ಮಾಡಿದಾಗ ಸಿದ್ದು, ಧರ್ಮೇಂದ್ರ ಮತ್ತಿಬ್ಬರು ಮೆಲ್ಲಗೆ ಅವಳನ್ನು ಚಟ್ಟದ ಮೇಲೆ ಮಲಗಿಸಿ ಹೆಗಲು ಕೊಟ್ಟರು. ಪುಟ್ಟಯ್ಯ ಎದ್ದು ಜೊತೆಗೇ ನಡೆದ, ಕತ್ತು ಎತ್ತಿ ಅವಳ ಕಿವಿಯ ಕಡೆಗೆ ಮುಖ ಮಾಡಿ ಹೇಳುತ್ತಲೇ ಇದ್ದ. ಮಂಡಿನೋವಿನ ಮನುಷ್ಯ ಹಿಂದೆ ಬಿದ್ದಾಗ, ಹೊತ್ತ ನಾಲ್ವರೂ ಒಟ್ಟಿಗೇ ಹೆಜ್ಜೆ ನಿಧಾನ ಮಾಡಿದರು.